ಬೇರೆ ಕಾರ್ಬನ್

ಮುಬಶ್ಶಿರ್ ಹೆಣ್ಣು ನೋಡಲು ಭದ್ರಾವತಿಗೆ ಹೋದ ದಿನ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಎಡವಟ್ಟಾದದ್ದು ಒಂದೇ ಒಂದು ಪದದಿಂದ.

ಸಂಬಂಧ ತಂದವಳು ಅವನ ತಾಯಿಯ ತಂಗಿ, ಜೈನಾಬಿ ಖಾಲಾ. ಹುಡುಗಿ ಸಮ್ರೀನ್, ಬಿ.ಎಸ್ಸಿ ಮುಗಿಸಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಅವಳ ತಂದೆ ಪೀರ್ ಬಾಷಾ ಕಾರ್ಖಾನೆಯಿಂದ ವಿಆರ್‌ಎಸ್ ಎಂಬ ಸ್ವಯಂ ನಿವೃತ್ತಿ ತೆಗೆದುಕೊಂಡು ಬಂದವರು. ಓಲ್ಡ್ ಟೌನಿನಲ್ಲಿ ಮನೆಯ ಮುಂದೆಯೇ ತಗಡಿನ ಶೆಡ್ ಹಾಕಿ ಡೀಸೆಲ್ ಇಂಜಿನ್ ರಿಪೇರಿ ಮಾಡುತ್ತಿದ್ದರು. ಮನೆಯಲ್ಲಿ ದಖ್ಖನಿ ಉರ್ದು ಆಡಿದರೂ ಇಂಜಿನ್ನಿನ ವಿಷಯ ಬಂತೆಂದರೆ ಅವರ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು.

"ಯೂನಿವರ್ಸಿಟೀಲಿ ಏನು ಕೆಲಸ, ಬೇಟಾ?" ಎಂದು ಶರಬತ್ತು ಮುಂದೆ ಮಾಡುತ್ತಾ ಕೇಳಿದರು.

ಅದನ್ನು ಹೇಳುವುದೇ ಕಷ್ಟ. ಶಿವಮೊಗ್ಗದ ಒಂದು ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಹಸಿರು ಕೋಶ ಅಂತೊಂದು ಹುಟ್ಟಿತ್ತು. ಕ್ಯಾಂಪಸ್ಸಿನಿಂದ ಗಾಳಿಗೆ ಸೇರುವ ಇಂಗಾಲವನ್ನು ವರ್ಷದಿಂದ ವರ್ಷಕ್ಕೆ ತಗ್ಗಿಸಿ ಕೊನೆಗೆ ಸೊನ್ನೆಗೆ ತಂದು ನಿಲ್ಲಿಸುವುದು ಅದರ ಗುರಿ. ಮುಬಶ್ಶಿರ್ ಅಲ್ಲಿ ಗುತ್ತಿಗೆ ಸಹಾಯಕ. ಭಾವೀ ಮಾವನ ಮುಂದೆ ಇಷ್ಟನ್ನೂ ಬಿಡಿಸಿ ಹೇಳುವ ಧೈರ್ಯ ಅವನಿಗಿರಲಿಲ್ಲ.

"ಕಾರ್ಬನ್ ಕಡಿಮೆ ಮಾಡೋದು, ಚಾಚಾ" ಎಂದ.

ಪೀರ್ ಬಾಷಾರ ಮುಖ ಅರಳಿತು. "ಅರೆ! ನಾನು ಮಾಡೋದೂ ಅದೇ ಅಲ್ವಾ!"

ಇಂಜಿನ್ ಹಳೆಯದಾಗುತ್ತಾ ಬಂದ ಹಾಗೆ ಪಿಸ್ಟನ್ನಿನ ತಲೆಯ ಮೇಲೆ ಕರಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಗ್ಯಾರೇಜಿನವರ ಬಾಯಲ್ಲಿ ಅದೇ ಕಾರ್ಬನ್. ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಬಿಚ್ಚಿ ಅದನ್ನು ಕೆರೆದು ತೆಗೆದರೆ ಇಂಜಿನ್ ಮತ್ತೆ ಉಸಿರಾಡುತ್ತದೆ. ಆ ಕೆಲಸವನ್ನು ಯೂನಿವರ್ಸಿಟಿಯವರು ಎಂ.ಎಸ್ಸಿ ಓದಿದ ಹುಡುಗನ ಕೈಯಲ್ಲಿ ಮಾಡಿಸುತ್ತಿದ್ದಾರೆ ಎಂದು ತಿಳಿದು ಪೀರ್ ಬಾಷಾರಿಗೆ ತಮ್ಮ ಕಸುಬಿನ ಮೇಲೇ ಗೌರವ ಹೆಚ್ಚಾಯಿತು.

"ನಿಮ್ಮ ಯೂನಿವರ್ಸಿಟಿ ದೊಡ್ಡ ಜನರೇಟರ್ ನೋಡ್ಕೊಳ್ಳೋನೂ ನಾನೇ. ಅದರ ಕಾರ್ಬನ್ ನಾನ್ ತೆಗೀತೀನಿ, ಮಿಕ್ಕಿದ್ದು ನೀನು ತೆಗಿ" ಎಂದರು.

ಅಲ್ಲ ಚಾಚಾ, ಇದು ಬೇರೆ, ಎನ್ನಬೇಕಿತ್ತು. ಮುಬಶ್ಶಿರ್ "ಹೂಂ" ಎಂದ. ಅಷ್ಟಕ್ಕೇ ಮುಗಿಯಲಿಲ್ಲ. ಪೀರ್ ಬಾಷಾ ಅವನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ಲಾರಿಯೊಂದರ ಹೆಡ್ಡನ್ನು ಮುಂದಿಟ್ಟು, ಕೆರೆಯಲು ತಗಡಿನ ಚೂರು ಕೊಟ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅವನು ಕೂತು ಕೆರೆದ.

"ಕೈ ಇನ್ನೂ ಎಳೇದು. ಅಲ್ಲಿ ಮಷೀನ್ ಇರತ್ತೇನೋ" ಎಂದು ಪೀರ್ ಬಾಷಾ ಸಮಾಧಾನ ಹೇಳಿದರು.

ಕೈ ತೊಳೆಯಲು ನೀರು ತಂದವಳು ಸಮ್ರೀನ್. ತಂದೆ ಆಚೆ ತಿರುಗಿದ್ದು ನೋಡಿ, "ನಿಮ್ಮ ಕಾರ್ಬನ್ ಇದಲ್ಲ ಅಲ್ವಾ?" ಎಂದಳು.

"ಅಲ್ಲ."

"ನಂಗೆ ಗೊತ್ತು, ನಾನು ಹೇಳಲ್ಲ. ಅಬ್ಬಾಗೆ ನೀವೇ ಹೇಳ್ಬೇಕು. ಹೇಳಿದ್ಮೇಲೆ ನನ್ನ ಹೂಂ."

ಮುಬಶ್ಶಿರ್‌ಗೆ ಹುಡುಗಿ ಅಲ್ಲೇ, ಆ ಸೋಪಿನ ನೊರೆಯ ನಡುವೆಯೇ, ತುಂಬಾ ಹಿಡಿಸಿಬಿಟ್ಟಳು. ಹೇಳಿದರೆ ಸಂಬಂಧವೇ ಮುರಿದೀತೆಂದು ಅವನು ಹೇಳುವುದನ್ನು ಮುಂದಕ್ಕೆ ಹಾಕಿದ. ಮುಂದಕ್ಕೆ ಹಾಕುವುದನ್ನು ಅವನು ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿ ಕಲಿತಿದ್ದ.

ಅಷ್ಟರಲ್ಲಿ ಪೀರ್ ಬಾಷಾ, ಅಳಿಯನಾಗುವವನೂ ಕಾರ್ಬನ್ ತೆಗೆಯುವವನೇ ಎಂದು ಓಲ್ಡ್ ಟೌನಿಗೆಲ್ಲಾ ಡಂಗುರ ಸಾರಿಯಾಗಿತ್ತು. ಮಸೀದಿ ಮೆಟ್ಟಿಲಿನಿಂದ ಚಹಾದಂಗಡಿಯವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿತು. ಅವರ ಪಕ್ಕದ ಮನೆಯ ಆಟೋ ಚಂದ್ರು ಹುಡುಗನ ನಂಬರ್ ಈಸಿಕೊಂಡು ಫೋನ್ ಮಾಡಿ, "ಅಣ್ಣಾ, ಏರಿನಲ್ಲಿ ಪಿಕಪ್ಪೇ ಇಲ್ಲ, ಒಂದ್ಸಲ ನೋಡ್ಬಿಡಿ ಮಾರಾಯ್ರೆ" ಎಂದ. ಮುಬಶ್ಶಿರ್ ಏರ್ ಫಿಲ್ಟರ್ ಬದಲಾಯಿಸಲು ಹೇಳಿದ. ಅದೃಷ್ಟ ಕೆಟ್ಟಿತ್ತು, ಆಟೋ ಸರಿಹೋಯಿತು. ಅವನ ಕೀರ್ತಿ ಇನ್ನಷ್ಟು ಹಬ್ಬಿತು.

ಇತ್ತ ಹಸಿರು ಕೋಶದ ಮುಖ್ಯಸ್ಥರು ಪ್ರೊಫೆಸರ್ ಶ್ರೀನಿವಾಸಮೂರ್ತಿ. ಒಳ್ಳೆಯ ಮನುಷ್ಯ, ಯೋಜನೆಯನ್ನು ನಿಜಕ್ಕೂ ನಂಬಿದವರು. ಅವರ ಯೋಜನೆಯಂತೆ ಕ್ಯಾಂಪಸ್ಸಿಗೆ ಸೈಕಲ್‌ಗಳು ಬಂದಿದ್ದವು; ಸವೆಯಬಾರದೆಂದು ಅವುಗಳನ್ನು ಬೀಗ ಹಾಕಿ ಇಡಲಾಗಿತ್ತು. ಆಡಳಿತ ಕಟ್ಟಡದ ಮೇಲೆ ಸೋಲಾರ್ ಫಲಕಗಳು ಕೂತಿದ್ದವು. ಉದ್ಘಾಟನೆಗೆ ಗಣ್ಯರ ತಾರೀಖು ಸಿಗುವವರೆಗೆ ಅವುಗಳ ಮೇಲೆ ಹೊದಿಸಿದ ಬಟ್ಟೆ ತೆಗೆಯುವಂತಿರಲಿಲ್ಲ. ಕಾರಿನ ಬದಲು ಬಸ್ಸಿನಲ್ಲಿ ಬನ್ನಿ ಎಂದು ಸುತ್ತೋಲೆ ಹೊರಟಿತ್ತು. ಅದನ್ನು ಎಲ್ಲ ವಿಭಾಗಗಳಿಗೂ ಕಾರಿನಲ್ಲಿ ಹೋಗಿ ಹಂಚಲಾಗಿತ್ತು.

"ಆ ಪೆಟ್ರೋಲ್ ಲೆಕ್ಕಕ್ಕೆ ಹಿಡೀಬೇಕಾ ಸರ್?" ಎಂದು ಮುಬಶ್ಶಿರ್ ಕೇಳಿದ್ದ.

"ಗೇಟಿನ ಒಳಗೆ ಓಡಿದಷ್ಟು ಮಾತ್ರ ಹಿಡಿಯಯ್ಯಾ. ಗೇಟಿನ ಆಚೆ ಹೊಗೆ ನಮ್ದಲ್ಲ" ಎಂದಿದ್ದರು ಶ್ರೀನಿವಾಸಮೂರ್ತಿ.

ಸಿಂಡಿಕೇಟ್ ಸಭೆ ಹತ್ತಿರ ಬಂತು. ಇಷ್ಟು ದಿನದಲ್ಲಿ ಏನು ಕಡಿಮೆ ಮಾಡಿದಿರಿ ಎಂದು ಮೇಲಿನವರು ಕೇಳಿದರು. ಶ್ರೀನಿವಾಸಮೂರ್ತಿ ಕಿಟಕಿಯಿಂದ ಹೊರಗೆ ನೋಡಿದರು. ಅಲ್ಲಿ ಕಟ್ಟಡದ ಹಿಂದೆ ದೊಡ್ಡ ಜನರೇಟರ್ ಗುಡುಗುತ್ತಾ ಕರಿ ಹೊಗೆ ಬಿಡುತ್ತಿತ್ತು.

"ಅದನ್ನ ತೆಗೆಸಿಬಿಡೋಣ. ಆದ್ರೆ ಸರ್ಕಾರಿ ಆಸ್ತಿ ನೋಡು, ಹಂಗೇ ಎಸೆಯಂಗಿಲ್ಲ. ರಿಪೇರಿ ಮಾಡೋ ಮೆಕ್ಯಾನಿಕ್ಕೇ ಉಪಯೋಗಕ್ಕೆ ಬಾರದು ಅಂತ ಬರೆದುಕೊಡ್ಬೇಕು. ಯಾರೋ ಭದ್ರಾವತಿಯ ಪೀರ್ ಬಾಷಾ ಅಂತೆ. ಹೋಗಿ ಬರೆಸ್ಕೊಂಡು ಬಾ. ಇಲ್ದಿದ್ರೆ ಈ ಕೋಶನೂ ಇರಲ್ಲ, ನಿನ್ನ ಗುತ್ತಿಗೆನೂ ಇರಲ್ಲ."

ಮುಬಶ್ಶಿರ್ ಬಸ್ ಹತ್ತಿದ. ಭದ್ರಾವತಿ ಯಾವತ್ತೂ ಅಷ್ಟು ಬೇಗ ಬಂದಿರಲಿಲ್ಲ.

ಪೀರ್ ಬಾಷಾ ಶೆಡ್ಡಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಮನೆಯ ಬಾಗಿಲಲ್ಲಿ ಸಮ್ರೀನ್ ನಿಂತಿದ್ದಳು. ಅವಳನ್ನು ನೋಡಿದ ಮೇಲೆ ಅವನು ಕೂರಲೂ ಇಲ್ಲ.

"ಚಾಚಾ, ನನ್ನ ಕಾರ್ಬನ್ ಬೇರೆ."

"ಬೇರೆ ಅಂದ್ರೆ?"

"ಇಂಜಿನ್ ಒಳಗೆ ಕಟ್ಟೋದಲ್ಲ. ಹೊಗೆ ಜೊತೆ ಹೊರಗೆ ಹೋಗಿ ಗಾಳಿಗೆ ಸೇರೋದು. ಅದರಿಂದ ಭೂಮಿ ಬಿಸಿ ಆಗತ್ತೆ."

"ಕಣ್ಣಿಗೆ ಕಾಣತ್ತಾ?"

"ಇಲ್ಲ."

"ವಾಸನೆ?"

"ಇಲ್ಲ."

"ಕೆರೆದ್ರೆ?"

"ಬರಲ್ಲ."

"ಹಂಗಾದ್ರೆ ಕಡಿಮೆ ಆಯ್ತು ಅಂತ ಹೆಂಗೆ ಗೊತ್ತಾಗತ್ತೆ?"

"ಲೆಕ್ಕ ಹಾಕ್ತೀವಿ."

ಪೀರ್ ಬಾಷಾ ಸ್ವಲ್ಪ ಹೊತ್ತು ಬಟ್ಟೆ ಚಿಂದಿಯನ್ನು ಮಡಚಿದರು, ಬಿಡಿಸಿದರು. "ಮತ್ತೆ ಅವತ್ತು ಕೂತ್ಕೊಂಡು ಕೆರೆದ್ಯಲ್ಲ, ಅಂಗಿ ಹಾಳು ಮಾಡ್ಕೊಂಡು?"

"ನೀವು ಅಷ್ಟು ಖುಷಿಯಾಗಿದ್ರಿ ಚಾಚಾ. ಹೇಳೋಕೆ ಬಾಯಿ ಬರ್ಲಿಲ್ಲ."

"ಊರಿಗೆಲ್ಲಾ ಹೇಳ್ಕೊಂಡು ಬಂದಿದೀನಲ್ಲೋ ಮಾರಾಯ" ಎಂದರು ಪೀರ್ ಬಾಷಾ. ಸಿಟ್ಟಿನಿಂದ ಹೇಳಿದ್ದರೆ ಮುಬಶ್ಶಿರ್ ತಡೆದುಕೊಳ್ಳುತ್ತಿದ್ದ. ಅವರು ಮೆಲ್ಲಗೆ ಹೇಳಿದರು. ಅವನಿಗೆ ನಾಚಿಕೆಯಿಂದ ನೆಲ ಬಿಟ್ಟು ಬೇರೆಲ್ಲೂ ನೋಡಲಾಗಲಿಲ್ಲ.

ಕೆಟ್ಟ ಸುದ್ದಿ ಒಟ್ಟಿಗೇ ಮುಗಿಯಲಿ ಎಂದು, ಸೋಲಾರ್ ಬಂದಿರುವುದರಿಂದ ಜನರೇಟರ್ ತೆಗೆಸುವ ವಿಷಯವನ್ನೂ ಹೇಳಿದ.

"ಉಪಯೋಗಕ್ಕೆ ಬಾರದು ಅಂತ ನಾನು ಬರೀಬೇಕಾ? ಹೋದ ತಿಂಗಳು ಹೆಡ್ ಬಿಚ್ಚಿ ಕೂರಿಸಿದೀನಿ. ಸಿಂಹದ ಥರ ಇದೆ. ಬದುಕಿರೋದನ್ನ ಸತ್ತಿದೆ ಅಂತ ನಾನು ಬರೆಯಲ್ಲ."

"ಬೇಡ ಚಾಚಾ. ಬರೀಬೇಡಿ" ಎಂದ ಮುಬಶ್ಶಿರ್. ಹಾಗೆಂದ ಮೇಲೆ ಅವನ ಗುತ್ತಿಗೆ ಹೋದಂತೆಯೇ. ಗುತ್ತಿಗೆ ಹೋದ ಮೇಲೆ ಸಂಬಂಧ ಎಲ್ಲಿಯದು? ಆದರೂ ಎದೆ ಹಗುರಾಯಿತು. ಹೊರಡಲು ತಿರುಗಿದ.

"ನಿಲ್ಲು" ಎಂದರು ಪೀರ್ ಬಾಷಾ. ಮಗಳ ಕೈಯಿಂದ ಹಾಳೆ, ಪೆನ್ನು ತರಿಸಿಕೊಂಡು, ಲಾರಿಯ ಬಾನೆಟ್ಟಿನ ಮೇಲಿಟ್ಟು ನಿಧಾನವಾಗಿ ಬರೆದರು: "ಈ ಜನರೇಟರ್ ಗಟ್ಟಿಮುಟ್ಟಾಗಿದೆ. ಇದರಲ್ಲಿ ಯಾವ ದೋಷವೂ ಇಲ್ಲ. ಇದರ ಕೆಲಸ ಬೇರೆಯವರಿಗೆ ಸಿಕ್ಕಿರುವುದರಿಂದ ಇದಕ್ಕೆ ವಿಆರ್‌ಎಸ್ ಕೊಡಬಹುದು."

"ನಂಗೆ ಕೊಟ್ಟಾಗ ಸ್ವಂತ ಇಚ್ಛೆಯಿಂದ ಅಂತ ಬರೆಸ್ಕೊಂಡ್ರು. ಇದರ ಇಚ್ಛೆ ಕೇಳೋಕಾಗಲ್ಲ, ಅದನ್ನ ಬಿಟ್ಟಿದೀನಿ" ಎಂದು ಹಾಳೆ ಕೊಟ್ಟರು. ಅವನ ಮುಖ ನೋಡಲಿಲ್ಲ. "ಹೋಗು."

ಭದ್ರಾವತಿಯಲ್ಲಿ ಆ ಪದ ಯಾರಿಗೂ ಹೊಸದಲ್ಲ. ಕೈಕಾಲು ಗಟ್ಟಿಯಿದ್ದವರನ್ನು ಮನೆಗೆ ಕಳಿಸುವಾಗ ಬಳಸುವ ಪದ. ವಿಶ್ವವಿದ್ಯಾಲಯಕ್ಕೆ ಅದು ಹೊಸದಾಗಿತ್ತು. ಯಂತ್ರಕ್ಕೆ ಸ್ವಯಂ ನಿವೃತ್ತಿ ಕೊಡಲು ನಿಯಮವಿದೆಯೇ ಎಂದು ಮೂರು ವಿಭಾಗಗಳು ಚರ್ಚಿಸಿದವು. ಕೊಡಬಾರದೆಂಬ ನಿಯಮ ಸಿಗದ್ದರಿಂದ ಕೊಟ್ಟರು. ಯೋಜನೆ ಪಾಸಾಯಿತು. ಸೋಲಾರ್ ಫಲಕದ ಮೇಲಿನ ಬಟ್ಟೆಯನ್ನೂ ತೆಗೆದರು. ಮುಬಶ್ಶಿರ್‌ನ ಗುತ್ತಿಗೆ ಮುಂದುವರಿಯಿತು.

ಸಂಬಂಧ ಮಾತ್ರ ಅಲ್ಲೇ ನಿಂತಿತ್ತು. "ಹುಡುಗಿ ಹೂಂ ಅಂದಿದಾಳೆ. ಅವಳಪ್ಪ ತುಟಿ ಬಿಚ್ತಾ ಇಲ್ಲ" ಎಂದು ಜೈನಾಬಿ ಖಾಲಾ ವರದಿ ತಂದಳು.

ಜನರೇಟರ್ ಹರಾಜಿಗೆ ಬಂತು. ಅಷ್ಟು ಭಾರದ್ದನ್ನು ಹೊತ್ತುಕೊಂಡು ಹೋಗುವ ಆಸೆ ಯಾರಿಗೂ ಇರಲಿಲ್ಲ. ಕೂಗಿದವರು ಒಬ್ಬರೇ, ಪೀರ್ ಬಾಷಾ. ಕ್ರೇನು ಅದನ್ನೆತ್ತಿ ಲಾರಿಯ ಮೇಲಿಡುವಾಗ ಮುಬಶ್ಶಿರ್ ದೂರದಲ್ಲಿ ನಿಂತಿದ್ದ. ಪೀರ್ ಬಾಷಾ ಹಗ್ಗ ಬಿಗಿದು, ಯಂತ್ರದ ಬೆನ್ನು ತಟ್ಟಿ, ಅವನ ಕಡೆ ತಿರುಗಿದರು.

"ಮದುವೆ ದಿನ ಕರೆಂಟ್ ಹೋದ್ರೆ ಬೇಕಾಗತ್ತೆ" ಎಂದು ಲಾರಿ ಹತ್ತಿದರು.

ಯಾರ ಮದುವೆ ಎಂದು ಹೊಳೆಯುವಷ್ಟರಲ್ಲಿ ಲಾರಿ ಗೇಟು ದಾಟಿತ್ತು. ಅವನು ಅಲ್ಲೇ, ಜನರೇಟರ್ ಇದ್ದ ಖಾಲಿ ಕಟ್ಟೆಯ ಮೇಲೆ, ಒಬ್ಬನೇ ಕೂತು ನಕ್ಕ.

ಕರೆಂಟ್ ಹೋಯಿತು. ಅದೂ ಸರಿಯಾಗಿ ಖಾಜಿ ಸಾಹೇಬರು "ಕಬೂಲ್ ಹೈ?" ಎಂದು ಕೇಳಿದಾಗ. ಮುಬಶ್ಶಿರ್ "ಕಬೂಲ್ ಹೈ" ಎನ್ನುವುದಕ್ಕೂ ಶಾದಿ ಮಹಲಿನ ಹಿಂದೆ ಜನರೇಟರ್ ಗುಡುಗುವುದಕ್ಕೂ ಸರಿಹೋಯಿತು. ಯಾರಿಗೂ ಕೇಳಿಸಲಿಲ್ಲ. ಖಾಜಿಯವರು ಇನ್ನೊಮ್ಮೆ, ಜೋರಾಗಿ, ಹೇಳಿಸಿದರು.

ಊಟದ ಸಾಲಿನಲ್ಲಿದ್ದ ಶ್ರೀನಿವಾಸಮೂರ್ತಿಯವರು ಕಿಟಕಿಯಾಚೆ ಏಳುತ್ತಿದ್ದ ಹೊಗೆ ನೋಡಿ, "ಇದೆಲ್ಲೋ ನೋಡಿದ ಹಾಗಿದೆಯಲ್ಲಯ್ಯಾ?" ಎಂದರು.

"ಗೇಟಿನ ಆಚೆದು ಸರ್" ಎಂದ ಮದುಮಗ.

ಅಷ್ಟರಲ್ಲಿ ಪೀರ್ ಬಾಷಾ ಜನರೇಟರ್ ಚಾಲೂ ಮಾಡಿದ ಕೈಯಲ್ಲೇ ಬಂದು ಅಳಿಯನ ಹೊಸ ಶೇರ್ವಾನಿಯ ಭುಜ ಹಿಡಿದರು. ಐದು ಬೆರಳೂ ಕರಿಯಾಗಿ ಮೂಡಿದವು. ಎದುರಿಗೆ ಓಲ್ಡ್ ಟೌನಿನ ಚಹಾದಂಗಡಿಯವರು, ಮಸೀದಿ ಮೆಟ್ಟಿಲಿನವರು, ಆಟೋ ಚಂದ್ರು, ಎಲ್ಲರೂ ಇದ್ದರು.

"ನಮ್ಮ ಅಳಿಯ. ಕಾರ್ಬನ್ ಕಡಿಮೆ ಮಾಡ್ತಾನೆ" ಎಂದರು ಪೀರ್ ಬಾಷಾ. "ನಮ್ಮ ಕಾರ್ಬನ್ ಅಲ್ಲ, ಬೇರೆ. ಕಣ್ಣಿಗೆ ಕಾಣಲ್ಲ."

"ಕಾಣದೇ ಇರೋದು ಇದೆ ಅಂತ ಹೆಂಗ್ ನಂಬೋದು ಬಾಷಾ ಭಾಯ್?" ಎಂದ ಚಂದ್ರು.

"ಇದೆ" ಎಂದರು ಪೀರ್ ಬಾಷಾ. "ಇವನು ನನ್ನೆದುರು ನಿಂತು ಹೇಳಿದಾನೆ."