ಉಗ್ರಾಣದಲ್ಲಿ ಹತ್ತು ನಿಮಿಷ

ನಮ್ಮ ಪ್ರಯೋಗಾಲಯದ ಹಿಂಬದಿಯಲ್ಲಿ ಕಿಟಕಿಯಿಲ್ಲದ ಒಂದು ಉಗ್ರಾಣವಿದೆ. ಒಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳು, ಮೂರು ಸ್ಟೂಲು. ಅವುಗಳಲ್ಲಿ ಒಂದರ ಕಾಲು ಕುಂಟು. ಬಾಗಿಲು ಹಾಕಿ, ಕೆಳಗಿನ ಸಂದಿಗೆ ಹಳೆಯ ಬಟ್ಟೆ ತುರುಕಿದರೆ ಮಟಮಟ ಮಧ್ಯಾಹ್ನದಲ್ಲೂ ನಮ್ಮ ಕೈ ನಮಗೆ ಕಾಣುವುದಿಲ್ಲ. ಹೊಸ ತಂಡದ ಹುಳುಗಳು ಸತ್ತ ಮೇಲೆ, ಅವುಗಳ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನಾವು ಅಲ್ಲಿ ಹತ್ತು ನಿಮಿಷ ಕೂರುತ್ತೇವೆ. ಮಾತಾಡುವಂತಿಲ್ಲ. ಹಾಗೆಂದು ಎಲ್ಲೂ ಬರೆದಿಲ್ಲ. ಹುಳದಕ್ಕ ಹಾಗೆ ಕೂರುತ್ತಿದ್ದರು, ನಾನೂ ಕೂತೆ.

ಹುಳದಕ್ಕ ನಮ್ಮ ಹಿರಿಯ ತಂತ್ರಜ್ಞೆ. ಇಲ್ಲಿಗೆ ಸೇರಿದ ಮೊದಲ ವಾರ ನಾನು ಅವರೊಡನೆ ಆಡಿದ್ದು ಒಟ್ಟು ಇಪ್ಪತ್ತು ಮಾತು ಇರಬಹುದು. ಅದು ಇಬ್ಬರಿಗೂ ಹಿತವಾಗಿತ್ತು.

ನಾವು ಮಾಡುವುದು ಗಿಡದ ಬೇರು ತಿನ್ನುವ ಹುಳುಗಳಿಗೆ ಔಷಧ. ಔಷಧವೂ ಜೀವವೇ: ದಾರದ ಚೂರಿನಂಥ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ನೆಮಟೋಡ್. ಅದು ಮಣ್ಣಿನಲ್ಲಿ ಹರಿದು ಬೇರುಹುಳುವಿನ ಮೈ ಹೊಕ್ಕು, ತನ್ನ ಹೊಟ್ಟೆಯಲ್ಲಿ ಹೊತ್ತು ತಂದ ಬ್ಯಾಕ್ಟೀರಿಯಾವನ್ನು ಅಲ್ಲಿ ಬಿಡುತ್ತದೆ. ಎರಡು ದಿನದಲ್ಲಿ ಹುಳು ಸಾಯುತ್ತದೆ. ಬ್ಯಾಕ್ಟೀರಿಯಾ ಆ ಮೈಯನ್ನು ಗಂಜಿ ಮಾಡುತ್ತದೆ, ಬೇರೆ ಸೂಕ್ಷ್ಮಜೀವಿಗಳನ್ನು ಹತ್ತಿರ ಬಿಡದೆ ಕಾಯುತ್ತದೆ. ನೆಮಟೋಡ್ ಅದನ್ನುಂಡು ಮರಿ ಹಾಕುತ್ತದೆ. ಕೆಲವು ವಾರದಲ್ಲಿ ಸಾವಿರಾರು ಮರಿಗಳು, ಪ್ರತಿಯೊಂದೂ ಹೊಟ್ಟೆಯಲ್ಲಿ ಒಂದಿಷ್ಟು ಬ್ಯಾಕ್ಟೀರಿಯಾ ಕಟ್ಟಿಕೊಂಡು ಹೊರಬೀಳುತ್ತವೆ. ಅವನ್ನೇ ಒದ್ದೆ ಸ್ಪಂಜಿಗೆ ಹೀರಿಸಿ ನರ್ಸರಿಗಳಿಗೆ ಮಾರುತ್ತೇವೆ.

"ಇದಕ್ಕೆ ಹೊಟ್ಟೆ ಇದೆ, ಅಡುಗೆ ಬರಲ್ಲ. ಅದಕ್ಕೆ ಅಡುಗೆ ಬರುತ್ತೆ, ನಡೆಯೋಕೆ ಬರಲ್ಲ," ಎಂದು ಹುಳದಕ್ಕ ಮೊದಲ ದಿನ ಹೇಳಿದ್ದರು. "ಅದಕ್ಕೇ ಒಂದೇ ಮನೆ ಮಾಡ್ಕೊಂಡಿವೆ."

ಎಲ್ಲ ಸರಿಯಿದ್ದರೆ ಸತ್ತ ಹುಳು ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ, ಕತ್ತಲಲ್ಲಿ ಸಣ್ಣಗೆ ಹೊಳೆಯುತ್ತದೆ. ಆ ಹೊಳಪು ಬ್ಯಾಕ್ಟೀರಿಯಾದ್ದು. ಅದನ್ನು ನೋಡಲೆಂದೇ ಉಗ್ರಾಣ.

ನಮ್ಮ ತಳಿಯನ್ನು ಇಪ್ಪತ್ತೆರಡು ವರ್ಷದ ಹಿಂದೆ ಹುಡುಕಿದ್ದು ಹುಳದಕ್ಕನೇ, ಬಸ್ ನಿಲ್ದಾಣದ ಹಿಂದಿನ ಗುಲಾಬಿ ಪಾತಿಯಲ್ಲಿ. ಆ ಪಾತಿಯ ಮೇಲೆ ಈಗ ಕಾಂಕ್ರೀಟು ಹಾಕಿ ಕಾರು ನಿಲ್ಲಿಸುತ್ತಾರೆ. ಆ ತಳಿ ನಮ್ಮಲ್ಲಿ ಮಾತ್ರ ಉಳಿದಿತ್ತು. ಮಂಡಿ ಆಪರೇಷನ್ನಿಗೆ ನಾಲ್ಕು ತಿಂಗಳು ರಜೆ ಹೋಗುವಾಗ ಅವರು ನನಗೆ ಹೇಳಿದ್ದು ಒಂದೇ ಮಾತು: "ನೋಡ್ಕೋ."

ನಾನು ನೋಡಿಕೊಂಡ ಬಗೆ ಹೀಗೆ. ನೆಮಟೋಡ್ ಬೆಳೆಸುವ ಮುನ್ನ ಬ್ಯಾಕ್ಟೀರಿಯಾವನ್ನು ಸೀಸೆಯ ಸಾರಿನಲ್ಲಿ ಬೆಳೆಸಬೇಕು. ತಿಂಗಳಿಗೊಮ್ಮೆ ಹೊಳೆಯುವ ಹುಳುವೊಂದನ್ನು ಸೀಳಿ, ಅದರೊಳಗಿನ ಹನಿಯಿಂದ ಹೊಸದಾಗಿ ಶುರುಮಾಡಬೇಕೆಂಬುದು ಹುಳದಕ್ಕನ ನಿಯಮ. ನನಗೆ ಸೀಳುವುದು ಒಗ್ಗುತ್ತಿರಲಿಲ್ಲ. ಸೀಸೆಯಲ್ಲಿ ಹೇಗೂ ಚೆನ್ನಾಗಿ ಬೆಳೆದಿದೆಯಲ್ಲ ಎಂದು ಈ ಸೀಸೆಯಿಂದ ಆ ಸೀಸೆಗೆ, ಆ ಸೀಸೆಯಿಂದ ಇನ್ನೊಂದಕ್ಕೆ ಒಂದೊಂದು ಚಮಚ ದಾಟಿಸುತ್ತ ಹೋದೆ. ಕೆಲಸ ಚೊಕ್ಕಟ, ಸದ್ದಿಲ್ಲ. ಖುಷಿಯಾಗಿದ್ದೆ. ಉಗ್ರಾಣದ ಬಾಗಿಲನ್ನೂ ತೆರೆಯಲಿಲ್ಲ.

ನಾಲ್ಕನೆಯ ತಿಂಗಳ ಕೊನೆಗೆ ನರ್ಸರಿಯವನೊಬ್ಬ ಫೋನು ಮಾಡಿದ. "ಏನ್ರೀ, ನಿಮ್ಮ ಹುಳ ಉಪವಾಸ ಹಿಡಿದಿದೆಯಾ? ನಮ್ಮ ಹುಳ ದಿನಾ ಊಟ ಮಾಡ್ತಿದೆ."

ಪರೀಕ್ಷೆಗೆಂದು ಐದು ಮೇಣದ ಹುಳುಗಳ ಮೇಲೆ ನಮ್ಮ ನೆಮಟೋಡ್ ಬಿಟ್ಟೆ. ಜೇನುಗೂಡಿನ ಮೇಣ ತಿನ್ನುವ ಈ ಹುಳುಗಳನ್ನು ನಾವು ಇದಕ್ಕಾಗಿಯೇ ಸಾಕುತ್ತೇವೆ. ಮೂರು ಸಾಯಲೇ ಇಲ್ಲ. ಸತ್ತ ಎರಡು ಬೂದುಬಣ್ಣಕ್ಕೆ ತಿರುಗಿ ನಾತ ಹೊಡೆದವು. ಸೀಸೆಯ ಸುಖದಲ್ಲಿ ಬ್ಯಾಕ್ಟೀರಿಯಾ ಬದಲಾಗಿತ್ತು. ಕಾಯುವುದನ್ನು, ಹೊಳೆಯುವುದನ್ನು ಬಿಟ್ಟಿತ್ತು. ಒಮ್ಮೆ ಹಾಗೆ ಬದಲಾದದ್ದು ಹಿಂದಿರುಗುವುದು ತೀರಾ ಅಪರೂಪ. ಮಾದರಿ ಕಾದಿಡುವಂಥ ಫ್ರೀಜರ್ ನಮ್ಮಲ್ಲಿಲ್ಲ.

ಸೋಮವಾರ ಹುಳದಕ್ಕ ಊರುಗೋಲು ಹಿಡಿದು ಬಂದರು. ಚಹಾ ಕೂಡ ಕುಡಿಯಲಿಲ್ಲ.

"ಡಬ್ಬಿ ತಗೋ. ಕೂತು ಬರೋಣ."

ಬೆಳಕಿದ್ದಾಗ ನನ್ನ ನಾಲಿಗೆ ಏಳಲಿಲ್ಲ. ಬಾಗಿಲು ಹಾಕಿ, ಬಟ್ಟೆ ತುರುಕಿ, ಕೂತ ಮೇಲೆ ಹೇಳಿದೆ. "ಅಕ್ಕಾ, ಏನೂ ಕಾಣಲ್ಲ. ಸೀಸೆಯಿಂದ ಸೀಸೆಗೇ ದಾಟಿಸಿದೆ. ಹುಳದಿಂದ ಒಂದ್ಸಲಾನೂ ತೆಗೀಲಿಲ್ಲ. ತಳಿ ಹೋಯ್ತು."

ಊರುಗೋಲು ನೆಲಕ್ಕೆ ಒಮ್ಮೆ ತಾಗಿದ ಸದ್ದು.

"ಎಷ್ಟು ನಿಮಿಷ ಆಯ್ತು?"

"ಮೂರು ಇರಬಹುದು."

"ಇನ್ನೂ ಏಳಿದೆ. ಕೂತ್ಕೋ."

ಕೂತೆವು. ಮೌನವೆಂದರೆ ನನಗೆ ಮೊದಲಿನಿಂದಲೂ ಆಸೆ. ಆ ಏಳು ನಿಮಿಷ ಮಾತ್ರ ಯಾರಾದರೂ ಬೈದರೆ ಸಾಕು ಅನ್ನಿಸಿತು. ಡಬ್ಬಿ ಕತ್ತಲಾಗಿಯೇ ಇತ್ತು. ಅವರ ಉಸಿರು ಮಾತ್ರ ಏರುಪೇರಾಗಲಿಲ್ಲ.

ದೀಪ ಹಾಕಿದ ಮೇಲೆ ಅವರು ಡಬ್ಬಿ ಮೂಸಿದರು. "ಪಾಪ, ಅದರದ್ದೇನು ತಪ್ಪು? ಕೂತಲ್ಲಿಗೇ ತಟ್ಟೆ ಬಂದ್ರೆ ಯಾರು ಕೆಲಸ ಮಾಡ್ತಾರೆ? ನಾನೂ ನಾಲ್ಕು ತಿಂಗಳು ಸೊಸೆ ಕೈಲಿ ಹಾಗೇ ಇದ್ದೆ. ಏಳೋದೇ ಮರೆತು ಹೋಗಿತ್ತು." ಡಬ್ಬಿ ಮುಚ್ಚಿ ಕೇಳಿದರು: "ನಾನಿದ್ದಾಗಿನ ಕೊನೇ ತಂಡದ ನೆಮಟೋಡ್ ಯಾರ ಮಣ್ಣಿಗೆ ಹೋಯ್ತು?"

"ನರ್ಸರಿಗಳಿಗೆ. ಆ ಗಿಡ, ಮಣ್ಣು ಎಲ್ಲಾ ಮಾರಿಯಾಯ್ತು." ಹೇಳುತ್ತಿದ್ದಂತೆ ನೆನಪಾಯಿತು. "ಉಳಿದ ಒಂದು ಸ್ಪಂಜನ್ನ ನಮ್ಮ ಚಿಕ್ಕಮ್ಮನ ಕುಂಡಗಳಿಗೆ ಹಿಂಡಿ ಬಂದಿದ್ದೆ."

"ಮತ್ತೆ ಇಲ್ಲಿ ಯಾಕೆ ನಿಂತಿದ್ದೀಯ?"

ಚಿಕ್ಕಮ್ಮನ ಮಹಡಿಯ ಮೇಲೆ ಹದಿನಾಲ್ಕು ಕುಂಡಗಳಿವೆ. ಬಕೆಟ್ ಹಿಡಿದು ನಿಂತ ನನ್ನನ್ನು ಅವಳು ಮೇಲಿಂದ ಕೆಳಗೆ ನೋಡಿದಳು.

"ಅವತ್ತು ಹುಳ ಬಿಟ್ಟು ಹೋದೆ. ಇವತ್ತು ಮಣ್ಣು ಕೇಳ್ತಿದ್ದೀಯ. ನಾಳೆ ಬಂದು ಕುಂಡ ಕೇಳ್ತೀಯ."

"ಒಂದೊಂದು ಕುಂಡದಿಂದ ಒಂದು ಹಿಡಿ ಸಾಕು ಚಿಕ್ಕಮ್ಮಾ. ಮದ್ದುಗಿದ್ದು ಹೊಡೆದಿಲ್ಲ ತಾನೇ?"

"ಮದ್ದಿಗೆ ದುಡ್ಡು ಯಾರು ಕೊಡ್ತಾರೆ? ಆ ನಿಂಬೆ ಗಿಡದ ತಂಟೆಗೆ ಹೋಗ್ಬೇಡ. ಈಗಷ್ಟೇ ಚೇತರಿಸ್ಕೊಂಡಿದೆ."

ಚೇತರಿಸಿಕೊಂಡಿದೆ ಎಂದಮೇಲೆ ನಾನು ಮೊದಲು ಕೈ ಹಾಕಿದ್ದು ಅಲ್ಲಿಗೇ. ಅವಳ ಬೈಗುಳ ಮೆಟ್ಟಿಲಿನ ಕೊನೆಯವರೆಗೂ ಬಂತು.

ಹದಿನಾಲ್ಕು ಡಬ್ಬಿಗಳಲ್ಲಿ ಮಣ್ಣು ತುಂಬಿ, ಪ್ರತಿಯೊಂದರಲ್ಲೂ ಐದು ಮೇಣದ ಹುಳು ಹೂತೆವು. ಮಣ್ಣಿನಲ್ಲಿ ನಮ್ಮ ನೆಮಟೋಡ್ ಉಳಿದಿದ್ದರೆ ಅದೇ ಹುಡುಕಿಕೊಂಡು ಬರಬೇಕು. ಹುಳದಕ್ಕ ಊರುಗೋಲನ್ನು ಮೇಜಿಗೊರಗಿಸಿ ಕೂತರು, ನಾನು ಎದುರಿಗೆ ಕೂತೆ. ದಿನಕ್ಕೊಮ್ಮೆ ತೆರೆದು ನೋಡುವುದು, ಮುಚ್ಚುವುದು. ಇನ್ನೇನೂ ಮಾಡುವಂತಿರಲಿಲ್ಲ. ಹೆದರಿಕೆಯಿತ್ತು, ನಿಜ. ಆದರೂ ಅವರು ಕುಡಿದಿಟ್ಟ ಲೋಟದ ಪಕ್ಕ ನನ್ನ ಲೋಟ ಇಡುವಾಗ, ನಾಲ್ಕು ತಿಂಗಳ ಚೊಕ್ಕಟ ಕೆಲಸದಲ್ಲಿ ಸಿಗದ ಏನೋ ಒಂದು ಸಿಗುತ್ತಿತ್ತು.

ಐದನೆಯ ದಿನ ಹನ್ನೊಂದು ಡಬ್ಬಿಗಳಲ್ಲಿ ಹುಳುಗಳು ಆರಾಮವಾಗಿ ಹರಿದಾಡುತ್ತಿದ್ದವು. ಎರಡರಲ್ಲಿ ಸುಮ್ಮನೆ ಕೊಳೆತು ಕಪ್ಪಾಗಿದ್ದವು. ನಿಂಬೆ ಗಿಡದ ಡಬ್ಬಿಯಲ್ಲಿ ಎರಡು ಹುಳು ಇಟ್ಟಿಗೆಯಂತೆ ಕೆಂಪಗೆ ಮಲಗಿದ್ದವು. ನಾತವಿರಲಿಲ್ಲ.

ಚಿಕ್ಕಮ್ಮನಿಗೆ ಫೋನು ಮಾಡಿದೆ. "ನನ್ನ ಮಣ್ಣಲ್ಲಿ ಏನು ಬೆಳೆದಿದೆ ಅಂತ ನಾನೂ ನೋಡ್ಬೇಕು," ಎಂದು ಅರ್ಧ ಗಂಟೆಯಲ್ಲಿ ಬಂದಳು. ಕುಂಟು ಸ್ಟೂಲು ನನ್ನ ಪಾಲಿಗೆ ಬಂತು.

"ಇದೇನೇ, ಕರೆಂಟ್ ಬಿಲ್ ಕಟ್ಟಿಲ್ವಾ?" ಬಾಗಿಲು ಹಾಕಿದ ಕೂಡಲೇ ಚಿಕ್ಕಮ್ಮ ಶುರುಮಾಡಿದಳು. "ಎಷ್ಟು ಹೊತ್ತು ಹೀಗೆ? ಇಲ್ಲಿ ಇಲಿ ಇದೆಯಾ? ಅಕ್ಕಾ, ನಿಮ್ಮ ಮಂಡಿ ಈಗ ಹೇಗಿದೆ?"

"ಮಂಡಿ ಚೆನ್ನಾಗಿದೆ," ಎಂದರು ಹುಳದಕ್ಕ. "ಕಣ್ಣು ಹೊಂದಿಕೊಳ್ಳಲಿ."

"ಹೊಂದಿಕೊಳ್ಳೋಕೆ ಏನಾದ್ರೂ ಇರ್ಬೇಕಲ್ಲ ಇಲ್ಲಿ. ನನಗಂತೂ..."

ಅಷ್ಟಕ್ಕೇ ನಿಂತಳು.

ನನ್ನ ಮಡಿಲಲ್ಲಿ ಎರಡು ಮಂಕು ಗೆರೆಗಳು ಮೂಡಿದ್ದವು. ಹಸಿರೋ ನೀಲಿಯೋ ಹೇಳಲಾಗದ ಬಣ್ಣ. ನೇರ ನೋಡಿದರೆ ಮಾಯವಾಗುತ್ತಿತ್ತು, ಓರೆಗಣ್ಣಿಗೆ ಮತ್ತೆ ಸಿಗುತ್ತಿತ್ತು. ಹತ್ತು ನಿಮಿಷ ಆಗಿರಬೇಕು, ಅದಕ್ಕೂ ಹೆಚ್ಚೇ ಆಗಿರಬೇಕು. ಯಾರೂ ಲೆಕ್ಕ ಕೇಳಲಿಲ್ಲ.

ಕೊನೆಗೆ ಹುಳದಕ್ಕನ ಕೈ ಕತ್ತಲಲ್ಲಿ ತಡಕಾಡಿ ನನ್ನ ಅಂಗೈಯಲ್ಲಿ ತಣ್ಣನೆಯದೇನನ್ನೋ ಇಟ್ಟಿತು. ಸೀಳುವ ಸಣ್ಣ ಚಾಕು.

"ಒಂದು ಹುಳ ಹಾಗೇ ಇರಲಿ, ಒಳಗೆ ನೆಮಟೋಡ್ ಮರಿ ಹಾಕಲಿ," ಎಂದರು. "ಇನ್ನೊಂದನ್ನ ಇವತ್ತೇ ಸೀಳು. ನೀನೇ."

"ಹೂಂ ಅಕ್ಕಾ."

"ಎಲ್ಲಾ ಸರಿ," ಎಂದಳು ಚಿಕ್ಕಮ್ಮ, ಎಂದೂ ಕೇಳದಷ್ಟು ಮೆಲ್ಲನೆಯ ದನಿಯಲ್ಲಿ. "ನಮ್ಮ ನಿಂಬೆ ಗಿಡದ ಮಣ್ಣು ಯಾವಾಗ ವಾಪಸ್ ಕೊಡ್ತೀರ?"