ಮೂರನೆಯ ಚುಚ್ಚು

ನೊರೆ ಮೊಣಕೈ ದಾಟಿತು, ಸಾಕು ಅನ್ನಿಸಿದರೂ ಇನ್ನೊಮ್ಮೆ, ಬೆರಳ ಸಂದಿ, ಉಗುರಿನಡಿ, ಹೆಬ್ಬೆರಳ ಬುಡ — ಬುಡವನ್ನು ಎಲ್ಲರೂ ಮರೆಯುತ್ತಾರೆ — ನೀರು ಕೊರೆಯುತ್ತಿದೆ, ತಣ್ಣನೆಯ ಕೈ ತಾಗಿದರೆ ಮಗು ಬೆಚ್ಚುತ್ತದೆ, ನರ ಇನ್ನೂ ಒಳಗೆ ಸರಿದುಬಿಡುತ್ತದೆ, ಒರೆಸಿ, ಉಜ್ಜಿ, ಬೆಚ್ಚಗೆ ಮಾಡಿಕೊಳ್ಳಬೇಕು, ಈ ಮೊರದಗಲದ ಕೈ ಬೆಚ್ಚಗಾಗುವಷ್ಟರಲ್ಲಿ ಬೇರೆಯವರು ಒಂದು ವಾರ್ಡು ಸುತ್ತಿ ಬಂದಿರುತ್ತಾರೆ. ಗೋಡೆ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು. ಹನ್ನೆರಡಕ್ಕೆ ಸೂಪರಿಂಟೆಂಡೆಂಟ್ ಮೇಡಂ ಮುಂದೆ ನಿಂತು ಹೂಂ ಅನ್ನಬೇಕು, ಎಮರ್ಜೆನ್ಸಿಗೆ ಇನ್ಮೇಲೆ ನೀನೇ ಇನ್‌ಚಾರ್ಜ್, ಹದಿಮೂರು ವರ್ಷ ಬಾಯಿ ಮುಚ್ಕೊಂಡು ದುಡಿದಿದೀಯ, ಇದಕ್ಕಿಂತ ಇನ್ನೇನಪ್ಪಾ ಬೇಕು ಅಂದಿದ್ದರು ಸೋಮವಾರ. ಬೇಕಾದದ್ದನ್ನು ನಾಲ್ಕು ವರ್ಷದಿಂದ ಬರೆದು ಬರೆದು ಕೊಡುತ್ತಿದ್ದೇನೆ, ಎಳೆಮಕ್ಕಳ ವಾರ್ಡಿಗೆ ಹಾಕಿ ಅಂತ, ಅವರು ಓದುತ್ತಾರೆ, ಮಡಿಸುತ್ತಾರೆ, ಡ್ರಾಯರಿಗೆ ಹಾಕುತ್ತಾರೆ. ಅಲ್ಲಿ ತಾಯಂದಿರು ಹಾಲು ಕುಡಿಸ್ತಾ ಇರ್ತಾರಪ್ಪಾ, ಗಂಡಸು ಓಡಾಡಿದ್ರೆ ಅವರಿಗೆ ಮುಜುಗರ ಆಗಲ್ವಾ — ಸುಳ್ಳಲ್ಲ, ನನ್ನ ಹೆಂಡತಿ ಹೆತ್ತಾಗ ನಾನೇ ಬಾಗಿಲಲ್ಲಿ ಪರದೆ ಎಳೆದು ಕಾವಲು ನಿಂತಿದ್ದೆ. ಆದರೂ ಇವತ್ತು ಫೋನು ಬಂದದ್ದು ಅದೇ ವಾರ್ಡಿಂದ. ಆನೆ ಬ್ರದರ್‌ನ ಸ್ವಲ್ಪ ಕಳಿಸ್ತೀರಾ, ಮೂರು ದಿನದ ಹೆಣ್ಣುಮಗು, ಡ್ರಿಪ್ ಕಿತ್ತುಬಂದಿದೆ, ಆಂಟಿಬಯಾಟಿಕ್‌ಗೆ ಹೊತ್ತಾಯ್ತು, ಡಾಕ್ಟರು ಸಿಸೇರಿಯನ್‌ಗೆ ಹೋಗಿದಾರೆ, ಹಿರಿಯಕ್ಕ ಮೀಟಿಂಗಲ್ಲಿದಾರೆ, ನಂಗಿನ್ನೂ ಎಳೆಮಕ್ಕಳಿಗೆ ಚುಚ್ಚೋ ಅನುಮತಿ ಇಲ್ಲ — ಹೋದ ತಿಂಗಳು ಸೇರಿದ ಹೊಸ ಸಿಸ್ಟರ್, ದನಿಯಲ್ಲಿ ಅಳು ಮೂಗಿನವರೆಗೆ ಬಂದು ನಿಂತಿತ್ತು.

ಆನೆ ಬ್ರದರ್. ಹೆಸರಿಟ್ಟವರು ಯಾರೋ, ಸುಳ್ಳಂತೂ ಹೇಳಿಲ್ಲ. ರೋಗಿಯನ್ನು ಸ್ಟ್ರೆಚರ್‌ಗೆ ಎತ್ತಬೇಕಾ, ಆನೇನ ಕರೀರಿ, ಕುಡಿದು ಬಂದವನು ಡಾಕ್ಟರ ಕೊರಳಪಟ್ಟಿ ಹಿಡಿದನಾ, ಆನೇನ ಕರೀರಿ, ಆಕ್ಸಿಜನ್ ಸಿಲಿಂಡರ್ ಸರಿಸಬೇಕಾ, ಕರೆಯುವ ಮೊದಲೇ ಹೋಗಿರುತ್ತೇನೆ. ನರ ಸಿಗದಾಗಲೂ ಕರೆಯುತ್ತಾರೆ, ಅದು ಆಮೇಲೆ ಶುರುವಾದದ್ದು, ಸುಟ್ಟ ಕೈ, ಬತ್ತಿದ ಕೈ, ಮುದುಕಿಯರ ಕಾಗದದಂಥ ಕೈ, ನಾನು ಕಣ್ಣಿನಿಂದ ಹುಡುಕುವುದಿಲ್ಲ, ಬೆರಳ ತುದಿಯಿಟ್ಟು ಒತ್ತಿ ಬಿಡುತ್ತೇನೆ, ಒಳಗಿರುವುದು ಮೆತ್ತಗೆ ಪುಟಿದು ಇಲ್ಲಿದ್ದೇನೆ ಅನ್ನುತ್ತದೆ. ಅಪ್ಪ ನಂಬುತ್ತಿರಲಿಲ್ಲ. ಅಪ್ಪ ಗಡಿಯಾರ ರಿಪೇರಿಯವರು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಳ್ಳಿನಷ್ಟಿರುವ ಸ್ಕ್ರೂ ಜೊತೆ ದಿನವಿಡೀ ಮಾತಾಡುತ್ತಿದ್ದರು, ನಾನು ಚಿಮಟಕ್ಕೆ ಕೈ ಹಾಕಿದರೆ, ಬಿಡೋ ಮಾರಾಯ, ನಿನ್ನ ಕೈಗೆ ಕೈಗಡಿಯಾರ ಹೋಗ್ಲಿ ಗೋಡೆ ಗಡಿಯಾರಾನೂ ಬದುಕಲ್ಲ. ನಾನು ನರ್ಸಿಂಗ್ ಸೇರಿದ ಮೇಲೆ ಕೇಳಿದವರಿಗೆಲ್ಲ ಮಗ ಆಸ್ಪತ್ರೇಲಿದಾನೆ ಅಂತಷ್ಟೇ ಹೇಳಿ ಮಾತು ಮುಗಿಸುತ್ತಿದ್ದರು, ಪಕ್ಕದ ಮನೆಯವರು ಅಯ್ಯೋ ಏನಾಯ್ತಂತೆ ಎಂದು ಹಣ್ಣು ಹಿಡಿದುಕೊಂಡೇ ಬಂದುಬಿಟ್ಟರು, ಬಾಗಿಲು ತೆರೆದವನು ನಾನು, ಹಣ್ಣು ವಾಪಸ್ಸು ಒಯ್ಯಲಾಗದೆ ಅವರು ಪಟ್ಟ ಪಾಡು. ಈಗ ಎಲ್ಲರಿಗೂ ನನ್ನ ಮುಂದಿನ ದಾರಿ ಗೊತ್ತು, ನನಗೊಬ್ಬನಿಗೇ ಗೊತ್ತಿಲ್ಲ. ಭಾವ ಹೇಳುತ್ತಾನೆ, ಔಷಧಿ ಕಂಪನಿ ಸೇರು, ಟೈ ಕಟ್ಟು, ಎಷ್ಟು ದಿನ ಅಂತ ಕಂಡವರ ಮಲಮೂತ್ರ. ಹೆಂಡತಿ ಹೇಳುತ್ತಾಳೆ, ಇನ್‌ಚಾರ್ಜ್ ಅಂದ್ರೆ ನೈಟ್ ಡ್ಯೂಟಿ ಇರಲ್ಲ ಅಲ್ವಾ, ಅಷ್ಟು ಸಾಕು ನಂಗೆ, ಮಗಳಿಗೆ ಅಪ್ಪನ ಚಿತ್ರ ಬರಿ ಅಂದ್ರೆ ಹೊದಿಕೆ ಸಮೇತ ಬರೀತಾಳೆ ರೀ, ಎರಡು ಪಾದ ಮಾತ್ರ ಹೊರಗೆ. ನಕ್ಕಿದ್ದೆ, ನಗಬಾರದಿತ್ತು. ಹೋದ ವಾರ ನರ್ಸಿಂಗ್ ವಿದ್ಯಾರ್ಥಿಗಳು ಸಾಲಾಗಿ ಕೂತು ಸರ್ ಮುಂದೆ ಬರೋಕೆ ಏನು ಮಾಡ್ಬೇಕು ಅಂತ ಕೇಳಿದಾಗ ಮಾತ್ರ ನನ್ನ ನಾಲಿಗೆ ಸಲೀಸಾಗಿ ಓಡಿತ್ತು — ಒಳ್ಳೇ ಚಪ್ಪಲಿ ತಗೊಳ್ಳಿ, ಕೊಡದೇ ಇರೋ ಔಷಧಿಯನ್ನ ಕೊಟ್ಟೆ ಅಂತ ಚಾರ್ಟಲ್ಲಿ ಬರೀಬೇಡಿ, ಗೊತ್ತಿಲ್ಲ ಅನ್ನೋಕೆ ನಾಚಬೇಡಿ, ಮತ್ತೆ ಸೂಜಿ ಎರಡೇ ಸಲ, ಸಿಗ್ಲಿಲ್ವಾ, ಅಹಂಕಾರವನ್ನ ಜೇಬಿಗೆ ಹಾಕ್ಕೊಂಡು ಇನ್ನೊಬ್ಬರನ್ನ ಕರೀರಿ, ಮೂರನೇದು ರೋಗಿಗೋಸ್ಕರ ಅಲ್ಲ, ನಿಮಗೋಸ್ಕರ ಚುಚ್ಚೋದು. ಚಪ್ಪಾಳೆ ಹೊಡೆದಿದ್ದರು.

ಒಳಗೆ ಬಿಸಿ, ಮೆಷಿನ್ನುಗಳ ಟಿಕ್ ಟಿಕ್, ಸಾಲು ತೊಟ್ಟಿಲು, ಹಾಲಿನ ವಾಸನೆಗೆ ಸ್ಪಿರಿಟ್ ವಾಸನೆ ಬೆರೆತಿದೆ, ಹೀಟರಿನ ಕೆಳಗೆ ಮಗು, ನನ್ನ ಒಂದು ಅಂಗೈಯಲ್ಲಿ ತಲೆಯಿಂದ ಸೊಂಟದವರೆಗೆ ಹಿಡಿಸುತ್ತಾಳೆ. ಹೊಸ ಸಿಸ್ಟರ್ ಗ್ಲೂಕೋಸ್ ನೀರಿನ ಎರಡು ಹನಿ ನಾಲಿಗೆಗೆ ಬಿಟ್ಟಳು, ನೋವು ಮರೆಯಲಿ ಅಂತ, ಪುಟ್ಟ ಬಾಯಿ ಚಪ್ಪರಿಸಿತು. ಬಲಗೈ ತೆಗೆದುಕೊಂಡೆ, ತೆಗೆದುಕೊಂಡೆ ಅನ್ನುವುದೂ ದೊಡ್ಡ ಮಾತು, ಬೆರಳ ಮೇಲೆ ಇಟ್ಟುಕೊಂಡೆ, ಒತ್ತಿ ಬಿಟ್ಟೆ, ಇದೆ, ಕೂದಲೆಳೆಯಷ್ಟು ಏನೋ ಇದೆ, ಉಸಿರು ಹಿಡಿದು ಚುಚ್ಚಿದೆ, ಸೂಜಿಯ ಹಿಂಬದಿಯ ಪುಟ್ಟ ಗೂಡಿನಲ್ಲಿ ಕೆಂಪು ಇಣುಕಿತು, ಬಂತು ಅಂದುಕೊಂಡೆ — ಅಷ್ಟರಲ್ಲಿ ಚರ್ಮ ಮೆಲ್ಲಗೆ ಉಬ್ಬಿತು, ನರ ಒಡೆದುಹೋಯಿತು. ಅವಳು ಅತ್ತಳು, ಅಳು ಅಂದರೆ ಬೆಕ್ಕಿನಮರಿಯಷ್ಟು. ಪರವಾಗಿಲ್ಲ ಪುಟ್ಟಾ, ಪರವಾಗಿಲ್ಲ, ಯಾರಿಗೆ ಪರವಾಗಿಲ್ಲ, ಹತ್ತಿ ಒತ್ತಿ ಹಿಡಿದೆ, ಲೆಕ್ಕ ಒಂದು. ಸ್ವಲ್ಪ ಮೇಲೆ, ಮಣಿಕಟ್ಟಿನ ಹತ್ತಿರ, ಇನ್ನೊಂದು, ಈ ಸಲ ಕೆಂಪೂ ಇಲ್ಲ, ಏನೂ ಇಲ್ಲ, ಒಣ ಗೂಡು, ಸೂಜಿ ಹಿಂದೆ ಎಳೆದೆ, ಮುಂದೆ ತಳ್ಳಿದೆ, ಹುಡುಕಬಾರದು, ಒಳಗೆ ಹುಡುಕಬಾರದು, ತೆಗೆ. ಎರಡು. ಬೆವರು ಮಾಸ್ಕಿನ ಒಳಗೆ ಇಳಿಯಿತು, ಗಾಜಿನಾಚೆ ಮಗುವಿನ ಅಜ್ಜಿ, ಮೂಗು ಗಾಜಿಗೆ ತಾಗಿ ಚಪ್ಪಟೆ, ನನ್ನ ಕೈಯನ್ನೇ ನೋಡುತ್ತಿದ್ದಾರೆ. ಹೊಸ ಸಿಸ್ಟರ್ ಕೆಂಪು ಬೆಳಕಿನ ಟಾರ್ಚನ್ನು ಮಗುವಿನ ಎಡ ಅಂಗೈ ಅಡಿಗೆ ಹಿಡಿದಳು, ಇಡೀ ಕೈ ದೀಪದ ಹಾಗೆ ಬೆಳಗಿತು, ಅದರೊಳಗೆ ಕಪ್ಪು ಗೆರೆ, ನೆಟ್ಟಗೆ, ಪೆನ್ಸಿಲಿನಲ್ಲಿ ಎಳೆದಂತೆ. ಇಲ್ನೋಡಿ ಬ್ರದರ್, ಇದು ಸಿಕ್ಕೇ ಸಿಗುತ್ತೆ, ಇನ್ನೊಂದ್ಸಲ ನೋಡಿಬಿಡಿ, ನಾನ್ಯಾರಿಗೂ ಹೇಳಲ್ಲ. ಸಿಗುತ್ತದೆ. ನನಗೂ ಗೊತ್ತು ಸಿಗುತ್ತದೆ. ಸಿಕ್ಕಿದರೆ ಇಲ್ಲಿಂದ ನೇರ ಮೇಡಂ ಹತ್ತಿರ ಹೋಗಿ, ನಿಮ್ಮ ವಾರ್ಡಿನವರೇ ಕರೆದದ್ದು, ಯಾರಿಗೂ ಆಗದ್ದು ನನ್ನಿಂದ ಆಯಿತು ಅನ್ನಬಹುದು, ನಾಲ್ಕು ವರ್ಷದ ಅರ್ಜಿಗೆ ಇದಕ್ಕಿಂತ ಸಾಕ್ಷಿ ಬೇಡ, ಔಷಧಿಯೂ ಬೇಗ ಹೋಗುತ್ತದೆ, ಮಗುವಿಗೇ ಒಳ್ಳೆಯದಲ್ಲವೇ, ಮಗುವಿಗೇ — ಹೊಸ ಸೂಜಿ ಆಗಲೇ ಕೈಯಲ್ಲಿದೆ, ಮುಚ್ಚಳ ಯಾವಾಗ ತೆಗೆದೆ, ಗೊತ್ತೇ ಆಗಲಿಲ್ಲ. ಅದು ಗೊತ್ತಾಗದಿದ್ದದ್ದೇ ಹೆದರಿಸಿತು. ಮಗುವಿಗಾಗಿ ಅಂತ ಎಷ್ಟು ಬೇಗ ಮಾತು ಹುಟ್ಟಿತು, ಆ ಮಾತಿನೊಳಗೆ ನಾನು ಎಷ್ಟು ಆರಾಮಾಗಿ ಕೂತಿದ್ದೆ. ಸೂಜಿಯನ್ನು ಬಿಸಾಡುವ ಡಬ್ಬಿಗೆ ಹಾಕಿದೆ. ನಂದು ಮುಗೀತಮ್ಮ, ಹಿರಿಯಕ್ಕನಿಗೆ ಫೋನ್ ಮಾಡು, ಮೀಟಿಂಗಲ್ಲಿದ್ರೂ ಪರವಾಗಿಲ್ಲ, ಎರಡಾಯ್ತು ಅನ್ನು.

ಹೊರಗೆ ಹೋಗಿ ಅಜ್ಜಿಗೆ ಹೇಳಬೇಕಾದದ್ದೂ ನಾನೇ. ಅಮ್ಮಾ, ಎರಡು ಸಲ ಚುಚ್ಚಿದೆ, ನರ ಸಿಗ್ಲಿಲ್ಲ, ದೊಡ್ಡ ಸಿಸ್ಟರ್ ಬರ್ತಿದಾರೆ, ಅಲ್ಲೀವರೆಗೆ ಔಷಧಿ ಸ್ವಲ್ಪ ತಡ ಆಗುತ್ತೆ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು, ಇಷ್ಟು ದೊಡ್ಡ ಕೈ ಇಟ್ಕೊಂಡು ಆ ಕೂಸಿಗಾ. ಹೌದಮ್ಮಾ. ಅತ್ಲಾ. ಅತ್ಲು. ಜೋರಾಗಾ. ಜೋರಾಗಿ ಅಂದೆ, ಅಷ್ಟೇನೂ ಜೋರಾಗಿರಲಿಲ್ಲ, ಆದರೂ ಅಂದೆ. ಅಳೋಕೆ ಶಕ್ತಿ ಇದೆ ಅಂತಾಯ್ತು ಬಿಡಿ, ಅಂದರು ಅವರು, ಸೆರಗಿನಲ್ಲಿ ಗಾಜಿನ ಮೇಲಿನ ಉಸಿರಿನ ಮಂಜು ಒರೆಸುತ್ತಾ, ನನ್ನ ಮಗಳಿಗೆ ಮಾತ್ರ ಹೇಳ್ಬೇಡಿ, ಅವಳು ಹೊಲಿಗೆ ನೋವಲ್ಲಿದಾಳೆ. ಕೇಳಿದ್ರೆ ಹೇಳ್ಬೇಕಾಗುತ್ತಮ್ಮಾ. ಅವರು ಒಂದು ಕ್ಷಣ ನನ್ನ ಮುಖವನ್ನೂ ನೋಡಿದರು. ಹನ್ನೊಂದು ನಿಮಿಷ, ಒಂದೊಂದನ್ನೂ ಎಣಿಸಿದೆ, ಹನ್ನೆರಡನೆಯದಕ್ಕೆ ಹಿರಿಯಕ್ಕ ಕಾರಿಡಾರಿನ ಕೊನೆಯಲ್ಲಿ ಕಂಡರು, ಆ ವಾರ್ಡಿನ ಮುಖ್ಯ ಸಿಸ್ಟರ್, ಇಪ್ಪತ್ತಾರು ವರ್ಷ ಅಲ್ಲೇ ಸವೆದವರು, ನನ್ನ ಹೆಗಲಷ್ಟೂ ಎತ್ತರವಿಲ್ಲ, ಓಡಲಿಲ್ಲ, ಓಡಿ ಬಂದರೆ ಕೈ ನಡುಗುತ್ತದೆ. ಕೈ ತೊಳೆದು ಬಂದು ಟಾರ್ಚು ಹಿಡಿದು ಎಡಗೈ ನೋಡಿದರು. ಇದು ಕಾಣಿಸ್ಲಿಲ್ವಾ ನಿಂಗೆ. ಕಾಣಿಸ್ತಕ್ಕಾ. ಮತ್ತೆ. ಎರಡಾಗಿತ್ತು. ನಿಂಗೆ ಸಿಗ್ತಿತ್ತು ಕಣೋ ಇದು. ಹೂಂ ಅಕ್ಕಾ, ಸಿಗ್ತಿತ್ತೇನೋ. ಅವರು ಹೊಸ ಸಿಸ್ಟರ್ ಕಡೆಗೊಮ್ಮೆ ನೋಡಿದರು, ಅವಳು ಟಾರ್ಚಿನ ಕಡೆ ನೋಡಿದಳು. ಬಾ, ಹಿಡ್ಕೋ, ಅಲುಗಾಡಬಾರದು. ಹಿಡಿದೆ, ಒಂದು ಕೈ ತಲೆಯ ಸುತ್ತ, ಇನ್ನೊಂದು ಮಡಿಸಿದ ಕಾಲುಗಳ ಸುತ್ತ, ಒತ್ತಲಿಲ್ಲ, ಸುತ್ತ ಗೋಡೆಯಾದೆ ಅಷ್ಟೆ, ಅಳು ನಿಧಾನಕ್ಕೆ ಬಿಕ್ಕಾಯಿತು, ಬಿಕ್ಕು ಉಸಿರಾಯಿತು, ಅವಳ ಎದೆ ನನ್ನ ಹೆಬ್ಬೆರಳ ಕೆಳಗೆ ಓಡುತ್ತಿತ್ತು, ಹಿರಿಯಕ್ಕ ಚುಚ್ಚಿದರು, ಕೆಂಪು ಬಂತು, ನಿಂತಿತು, ಅಷ್ಟೇ ಸುಲಭ. ಪ್ಲಾಸ್ಟರ್ ಅಂಟಿಸುತ್ತಾ, ತಲೆಯೆತ್ತದೆಯೇ, ಇಂಥಾ ಕೈಯಲ್ಲಿ ಇಷ್ಟು ದಿನ ಸಿಲಿಂಡರ್ ಎತ್ತಿಸ್ಕೊಂಡು ಕೂತಿದ್ರಾ ಅಲ್ಲಿ, ಅಂದರು. ಔಷಧಿ ಹನಿಹನಿಯಾಗಿ ಇಳಿಯತೊಡಗಿತು. ಕೈ ತೆಗೆಯುವಾಗಲೇ ನಾನು ಆ ಬಲಗೈ ನೋಡಿದ್ದು, ಹತ್ತಿ ಜಾರಿಹೋಗಿತ್ತು.

ಮೇಡಂ ಕೋಣೆ ತಲುಪುವಾಗ ಹನ್ನೆರಡು ದಾಟಿ ಹತ್ತು ನಿಮಿಷ. ಹಿರಿಯಕ್ಕನ ಫೋನು ಆಗಲೇ ಬಂದಿತ್ತು, ನನಗಿಂತ ಮುಂಚೆ. ಏನಯ್ಯಾ ಇದು, ಎರಡು ಸಲ ತಪ್ಪಿದವನನ್ನೇ ನಂಗೆ ಕೊಡಿ ಅಂತಿದಾಳೆ ಅವಳು, ನನ್ನ ಸರ್ವೀಸಲ್ಲಿ ಇಂಥಾ ಶಿಫಾರಸು ಇದೇ ಮೊದಲು ಕೇಳ್ತಿರೋದು. ತಾಯಂದಿರಿಗೆ ಮುಜುಗರ ಅಲ್ವಾ ಅಂತ ನಾನಂದೆ, ಪರದೆ ಹಾಕ್ತೀವಿ, ಮೊದಲು ಕೇಳ್ತೀವಿ, ಬೇಡ ಅಂದವರ ಹತ್ರ ಕಳಿಸಲ್ಲ, ಇಷ್ಟಕ್ಕೂ ನಮ್ಮ ಡಾಕ್ಟರೇನು ಹೆಂಗಸಾ ಅಂದ್ಲು. ಡ್ರಾಯರು ತೆರೆದು ಮಡಿಸಿದ್ದನ್ನು ಬಿಡಿಸಿದರು. ಆರು ತಿಂಗಳು ನೋಡೋಣ. ಆದ್ರೆ ನೋಡು, ಇನ್‌ಚಾರ್ಜ್ ಬೇರೆಯವರಿಗೆ ಹೋಗುತ್ತೆ, ಅಲ್ಲಿ ನೀನು ಎಲ್ಲರಿಗಿಂತ ಕಿರಿಯ, ತಿಂಗಳಿಗೆ ಎಂಟು ನೈಟ್, ಹೆಂಡ್ತೀನ ಕೇಳಿದೀಯಾ. ಕೇಳಿರಲಿಲ್ಲ. ಎರಡು ನಿಮಿಷ ಮೇಡಂ ಎಂದು ಹೊರಗೆ ಬಂದು ಫೋನ್ ಮಾಡಿದೆ, ಹೇಳಿದೆ, ಎಲ್ಲವನ್ನೂ, ತಪ್ಪಿದ್ದನ್ನೂ, ಆಚೆಯಿಂದ ಕುಕ್ಕರಿನ ಸೀಟಿ ಕೇಳಿಸಿತು, ಆಮೇಲೆ ಅವಳು, ಎಂಟಾ. ಎಂಟು. ಬೇಡ ಅಂದ್ರೆ ಬಿಟ್ಟುಬಿಡ್ತೀರಾ. ಬಿಡ್ತೀನಿ ಅಂದೆ, ಅಂದ ಮೇಲೆ ಗೊತ್ತಾಯಿತು, ನಿಜವಾಗಿಯೂ ಬಿಡುತ್ತಿದ್ದೆ. ಅವಳಿಗೂ ಅದು ಕೇಳಿಸಿರಬೇಕು. ಸರಿ, ಸೇರ್ಕೊಳಿ, ಆದ್ರೆ ಬೆಳಿಗ್ಗೆ ಬಂದೋರು ಮಗಳನ್ನ ಶಾಲೆಗೆ ಬಿಟ್ಟೇ ಮಲಗ್ಬೇಕು, ಎಂಟಕ್ಕೆ ಎಂಟೂ ದಿನ. ಆಯ್ತು. ಆಯ್ತು ಅನ್ನೋದಲ್ಲ ರೀ, ಮಾಡ್ಬೇಕು. ಒಳಗೆ ಹೋಗಿ ಸಹಿ ಹಾಕಿದೆ, ಪೆನ್ನು ನನ್ನ ಬೆರಳಲ್ಲಿ ಯಾವತ್ತಿನ ಹಾಗೆ ಕಡ್ಡಿಯಂತೆ ಕಂಡಿತು. ಈಗ ಮೆಟ್ಟಿಲು ಇಳಿಯುತ್ತಿದ್ದೇನೆ, ಎಮರ್ಜೆನ್ಸಿಯವರಿಗೆ ಹೇಳಬೇಕು, ಎರಡಕ್ಕೆ ಡ್ಯೂಟಿ ಒಪ್ಪಿಸಬೇಕು, ಎದುರಿಗೆ ಬಂದವರು ಏನ್ ಬ್ರದರ್ ಮುಖ ಅರಳಿದೆ ಅನ್ನುತ್ತಾರೆ, ಅರಳಿರಬಹುದು, ಖುಷಿಯಾಗಿದೆ, ಆಗಿಲ್ಲ ಅಂದರೆ ಸುಳ್ಳು, ನಾಲ್ಕು ವರ್ಷ ಕಾದದ್ದು ಕೈಗೆ ಬಂತು, ಆದರೆ ಆ ಕೈಗೆ ಬರುವಾಗ — ಆ ಕೂಸು ಮಲಗಿರಬಹುದು ಈಗ, ಔಷಧಿ ಅರ್ಧ ಇಳಿದಿರಬಹುದು, ನಾಳೆ ಬೆಳಿಗ್ಗೆ ಏಳಕ್ಕೆ ಅದೇ ತೊಟ್ಟಿಲ ಮುಂದೆ ನಾನು, ಕೈ ಬೆಚ್ಚಗೆ ಮಾಡಿಕೊಂಡು, ಮೊದಲು ನೋಡುವುದು ಆ ಬಲಗೈಯನ್ನೇ, ಅದರ ಬೆನ್ನು ನನ್ನ ಹೆಬ್ಬೆರಳ ಉಗುರಿನಷ್ಟೂ ಇಲ್ಲ, ಅಲ್ಲಿ ನನ್ನ ಸೂಜಿಯ ಎರಡು ಚುಕ್ಕೆ, ಒಂದರ ಸುತ್ತ ನೀಲಿ, ಸಹಿ ಹಾಕುವಾಗಲೂ ಕಣ್ಣಲ್ಲಿ ಅದೇ, ಫೋನಿನಲ್ಲಿ ಸೀಟಿ ಕೇಳುವಾಗಲೂ ಅದೇ, ಇನ್ನೊಂದು ಮೆಟ್ಟಿಲು, ಎರಡು ಚುಕ್ಕೆ, ಒಂದರ ಸುತ್ತ ನೀಲಿ, ಎರಡು ಚುಕ್ಕೆ —