ಅಕ್ಕೋರ ದನಿ ಹೋದ ತಿಂಗಳು

ನಾನು ಒಂದು ಕರಿಹಲಗೆ. ಗೋಡೆಗೆ ಮೊಳೆ ಹೊಡೆಸಿಕೊಂಡು ಜೀವನಪೂರ್ತಿ ಒಂದೇ ಕಡೆ ನಿಲ್ಲುವ ಹಲಗೆಗಳಿವೆಯಲ್ಲ, ಆ ಜಾತಿ ನನ್ನದಲ್ಲ. ನನ್ನ ಕಾಲಿಗೆ ಗಾಲಿಗಳಿವೆ. ಬಾಗಲಕೋಟೆ ಕಡೆಯ ಒಂದು ನೇಕಾರರ ಊರಿನಲ್ಲಿ ಮೌನೇಶ ಬಡಿಗೇರ ಎಂಬವನು, ಬಾಗಿಲು ಮಾಡಿ ಉಳಿದ ಸಾಗುವಾನಿ ತುಂಡುಗಳನ್ನು ಜೋಡಿಸಿ ನನ್ನ ಚೌಕಟ್ಟು ಕಟ್ಟಿದ. ನಡುವೆ ಪ್ಲೈವುಡ್ ಕೂರಿಸಿದ. ಹಿಂದೆ ಮುಂದೆ ಎರಡೂ ಮುಖಕ್ಕೆ ಕಪ್ಪು ಬಣ್ಣ ಬಳಿದ. ಗಾಲಿಗಳನ್ನು ಮಾತ್ರ ಯಾವುದೋ ಆಸ್ಪತ್ರೆಯ ಮುರಿದ ಮಂಚದಿಂದ ಕಿತ್ತು ತಂದಿದ್ದ. ಅವುಗಳಲ್ಲಿ ಒಂದು ಸ್ವಲ್ಪ ಚಿಕ್ಕದು. ಹೀಗಾಗಿ ನಿಂತಲ್ಲಿ ನಿಲ್ಲುವುದು ನನಗೆ ಹುಟ್ಟಿನಿಂದಲೇ ಬಾರದು. ಯಾರಾದರೂ ಸ್ವಲ್ಪ ಜೋರಾಗಿ ಒರೆಸಿದರೂ ಸಾಕು, ಕಿರ್ರೆಂದು ಸರಿದುಬಿಡುತ್ತಿದ್ದೆ.

ನನ್ನನ್ನು ಮಾಡಿಸಿದವರು ಗುರುನಾಥ ಮಾಸ್ತರರು. ಮನೆಯ ಪಡಸಾಲೆಯಲ್ಲಿ ಅವರು ಟ್ಯೂಷನ್ ಹೇಳುತ್ತಿದ್ದರು. ಅವರ ಅಕ್ಷರ ಮುತ್ತಿನಂತೆ ದುಂಡಗಿತ್ತು. ಅವರು ಪ್ರಶ್ನೆ ಬರೆಯುತ್ತಿದ್ದರು, ಅದರ ಕೆಳಗೇ ಉತ್ತರವನ್ನೂ ಬರೆಯುತ್ತಿದ್ದರು. ಹುಡುಗರು ತಲೆ ಎತ್ತಿ ನನ್ನನ್ನು ನೋಡುವುದು, ತಲೆ ಬಗ್ಗಿಸಿ ಬರೆದುಕೊಳ್ಳುವುದು, ಇದೇ ಪಾಠ. ಚಾಕ್‌ಪೀಸನ್ನು ಮಾಸ್ತರರು ಯಾರ ಕೈಗೂ ಕೊಟ್ಟವರಲ್ಲ. ವಯಸ್ಸಾದ ಮೇಲೆ ಅವರು ಸೊಲ್ಲಾಪುರದ ಮಗಳ ಮನೆಗೆ ಹೊರಟರು. ಹೋಗುವ ಮುಂಚೆ ನನ್ನನ್ನು ತಳ್ಳುಗಾಡಿಯ ಮೇಲೆ ಹೊರಿಸಿ ಓಣಿಯ ಸರಕಾರಿ ಶಾಲೆಗೆ ಕೊಟ್ಟರು.

ಆ ಶಾಲೆಯಲ್ಲಿ ದೊಡ್ಡ ಕೋಣೆ ಒಂದೇ, ಚಿಕ್ಕ ತರಗತಿಗಳು ಪಕ್ಕದ ಸಣ್ಣ ಕೋಣೆಯಲ್ಲಿ. ನಾಲ್ಕನೆಯ ಮತ್ತು ಐದನೆಯ ತರಗತಿ ಎರಡೂ ಅಲ್ಲೇ. ನನ್ನನ್ನು ನಡುವೆ ಅಡ್ಡ ನಿಲ್ಲಿಸಿದರು. ಒಂದು ಮುಖ ಹೆಡ್ಮಾಸ್ತರ್ ಪರಸಪ್ಪ ಸರ್ ಅವರ ಐದನೆಯ ತರಗತಿಗೆ, ಇನ್ನೊಂದು ಮುಖ ಇಂದುಮತಿ ಅಕ್ಕೋರ ನಾಲ್ಕನೆಯ ತರಗತಿಗೆ. ಕಾಂಪೌಂಡಿನ ಆಚೆಗೇ ಪವರ್‌ಲೂಮ್ ಶೆಡ್ಡು. ಬೆಳಗಿನಿಂದ ಸಂಜೆತನಕ ಖಟಾಖಟ್ ಖಟಾಖಟ್ ಎಂದು ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಆ ಸದ್ದಿಗೆ ನನ್ನ ಚೌಕಟ್ಟಿನ ಮೊಳೆಗಳೂ ನಡುಗುತ್ತಿದ್ದವು.

ಇಂದುಮತಿ ಅಕ್ಕೋರು ಆ ಸದ್ದಿನ ಮೇಲೆ ಕೂಗಿ ಕೂಗಿ ಪಾಠ ಮಾಡುತ್ತಿದ್ದರು. ಮಕ್ಕಳ ಮೇಲೆ ಅವರಿಗೆ ಬಲು ಪ್ರೀತಿ. ಮಗು ಒಂದು ಅಕ್ಷರಕ್ಕೆ ತಡವರಿಸಿದರೆ ತಾವೇ ಹೇಳಿಬಿಡುವರು. ಲೆಕ್ಕದಲ್ಲಿ ಕೈ ನಿಂತರೆ ತಾವೇ ಮುಂದಿನ ಅಂಕಿ ಹಾಕಿಬಿಡುವರು. ಮಕ್ಕಳಿಗೆ ಕಷ್ಟವಾಗುವುದನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ.

ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬರುತ್ತಿದ್ದವಳು ಕಸ್ತೂರಿ. ಪಕ್ಕದ ಶೆಡ್ಡಿನಲ್ಲಿ ಮಗ್ಗ ನಡೆಸುವ ರಾಚಪ್ಪನ ಮಗಳು. ಅವಳ ಲೆಕ್ಕ ತಪ್ಪುತ್ತಿದ್ದದ್ದು ಅಪರೂಪ. ಆದರೆ ಒಂದೊಂದು ಲೆಕ್ಕ ಮುಗಿದಾಗಲೂ ಪುಸ್ತಕ ಹಿಡಿದು ಓಡಿ ಬರುತ್ತಿದ್ದಳು. ಬರೋಬರಿ ಐತೇನ್ರಿ ಅಕ್ಕೋರ, ಎಂದು ಕೇಳುತ್ತಿದ್ದಳು. ಅಕ್ಕೋರು ಕೆಂಪು ಪೆನ್ನಿನಿಂದ ರೈಟ್ ಹಾಕಿದ ಮೇಲೆಯೇ ಮುಂದಿನ ಲೆಕ್ಕಕ್ಕೆ ಕೈ. ರೈಟ್ ಬೀಳುವವರೆಗೆ ಕಾಲು ಬದಲಿಸುತ್ತ, ಜಡೆಯ ತುದಿ ಕಚ್ಚುತ್ತ ನಿಂತಿರುತ್ತಿದ್ದಳು. ಅವಳ ಪುಸ್ತಕವೆಲ್ಲ ಕೆಂಪು ರೈಟ್‌ಗಳೇ.

ದಸರಾ ರಜೆ ಮುಗಿದು ಶಾಲೆ ತೆರೆದಾಗ ಅಕ್ಕೋರ ದನಿ ಒಡೆದಿತ್ತು. ಶುಂಠಿ ಕಷಾಯ, ಬಿಸಿನೀರು, ಅರಿಸಿನ ಹಾಲು ಯಾವುದೂ ನಾಟಲಿಲ್ಲ. ಬಾಗಲಕೋಟೆಯ ದವಾಖಾನೆಗೆ ಹೋಗಿ ಬಂದರು. ಡಾಕ್ಟರು ಹೇಳಿದ್ದನ್ನು ಪರಸಪ್ಪ ಸರ್ ಮಕ್ಕಳಿಗೆ ತಿಳಿಸಿದರು. ಅಕ್ಕೋರ ಗಂಟಲೊಳಗೆ ಗಂಟಾಗಿದೆ, ಒಂದು ತಿಂಗಳು ಪಿಸುಮಾತು ಕೂಡ ಆಡಬಾರದು, ಆಡಿದರೆ ಆಪರೇಷನ್ ಮಾಡಬೇಕಾಗುತ್ತದೆ, ಆಮೇಲೆ ದನಿ ಮೊದಲಿನಂತೆ ಬರುತ್ತದೆಂದು ಹೇಳಲಾಗದು. ಅಕ್ಕೋರ ಬದಲಿಗೆ ಬರುವವರು ಯಾರೂ ಇರಲಿಲ್ಲ. ಅವರು ಮನೆಯಲ್ಲಿ ಕೂತರೆ ನಾಲ್ಕನೆಯ ತರಗತಿ ಬೀದಿಗೆ ಬೀಳುತ್ತಿತ್ತು. ಹಾಗಾಗಿ ಬಾಯಿ ಕಟ್ಟಿಕೊಂಡೇ ಶಾಲೆಗೆ ಬಂದರು.

ಮೊದಲ ದಿನ ಮಕ್ಕಳಿಗೆ ಹಬ್ಬ. ಬೈಯುವ ದನಿಯೇ ಇಲ್ಲವೆಂದ ಮೇಲೆ ಯಾರು ಕೂರುತ್ತಾರೆ? ಹುಡುಗರು ನನ್ನನ್ನು ಗಾಡಿ ಮಾಡಿ ಕೋಣೆಯ ಉದ್ದಕ್ಕೂ ತಳ್ಳಿದರು. ನಾನು ಹೋಗಿ ಪರಸಪ್ಪ ಸರ್ ಅವರ ಮೇಜಿಗೆ ಬಡಿದೆ. ಅವರು ಬಂದು ಗದರಿದರು. ಐದನೆಯ ತರಗತಿಗೆ ಅವರು ತಿರುಗಿದ ಕೂಡಲೇ ಗದ್ದಲ ಮತ್ತೆ ಎದ್ದಿತು. ಅಕ್ಕೋರು ಕೈ ಎತ್ತುವರು, ಇಳಿಸುವರು, ಬಾಯಿ ತೆರೆಯುವರು, ಮುಚ್ಚುವರು. ಅವರ ಬೆರಳುಗಳು ಸೀರೆಯ ಸೆರಗನ್ನು ಸುತ್ತುತ್ತ ಬಿಚ್ಚುತ್ತ ಇದ್ದವು.

ಮರುದಿನ ಅವರು ನನ್ನ ಮೇಲೆ ಲೆಕ್ಕಗಳನ್ನು ಬರೆದರು. ಮಕ್ಕಳು ಅಚ್ಚುಕಟ್ಟಾಗಿ ಇಳಿಸಿಕೊಂಡು ಸುಮ್ಮನೆ ಕುಳಿತರು. ಉತ್ತರ ಬರೆಯಲಿ ಎಂದು ಅಕ್ಕೋರನ್ನು ನೋಡುತ್ತಿದ್ದರು. ಅಕ್ಕೋರು ಅವರನ್ನು ನೋಡುತ್ತಿದ್ದರು. ಮಗ್ಗದ ಸದ್ದೊಂದೇ ಕೇಳುತ್ತಿತ್ತು. ಅಷ್ಟು ಹೊತ್ತು ಅವರ ಮುಖವನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಅವರಿಗೆ ಏನೋ ಹೊಸದಾಗಿ ಕಂಡಂತಿತ್ತು, ಕಂಡದ್ದು ಹಿತವಾಗಿರಲಿಲ್ಲ.

ಅವರು ಎಲ್ಲವನ್ನೂ ಒರೆಸಿದರು. ನಿಧಾನವಾಗಿ ಒಂದೇ ಸಾಲು ಬರೆದರು: ನಿಮಗೆ ಏನು ಬರುವುದಿಲ್ಲ?

ಚಾಕ್‌ಪೀಸನ್ನು ಮಕ್ಕಳ ಕಡೆ ಚಾಚಿ ನಿಂತರು. ಯಾರೂ ಏಳಲಿಲ್ಲ. ಬರುವುದಿಲ್ಲ ಎಂದು ಎಲ್ಲರೆದುರು ಹೇಳಿಕೊಳ್ಳುವುದು ಯಾರಿಗೆ ಬೇಕು? ಕೊನೆಗೆ ದಾವಲಸಾಬ ಎದ್ದ. ತೆಳ್ಳಗಿನ ಹುಡುಗ, ಮಾತು ಜಾಸ್ತಿ. ನೂಲಿನ ಕಂಡಿಕೆ ಸುತ್ತುವ ತಾಯಿಯ ಜೊತೆ ಕೂತು ಎಣಿಕೆ ಕಲಿತವನು. ಹಿಮ್ಮಡಿ ಎತ್ತಿ ನನ್ನ ಮೇಲೆ ಬರೆದ: ಕಾಗುನಿತ ಬರಂಗಿಲ. ಆ ಸಾಲಿನಲ್ಲೇ ಎರಡು ತಪ್ಪಿದ್ದವು. ಎಲ್ಲರೂ ನಕ್ಕರು. ಅವನೂ ನಕ್ಕ. ಅಕ್ಕೋರು ಅವನ ಬೆನ್ನು ತಟ್ಟಿದರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕಳೆಯುವಾಗ ಕಡ ತರುವುದು ಬರುವುದಿಲ್ಲ, ಗಡಿಯಾರ ಬರುವುದಿಲ್ಲ, ದೊಡ್ಡ ಪಾಠ ಓದಲು ಬರುವುದಿಲ್ಲ. ಸಂಜೆಯ ಹೊತ್ತಿಗೆ ನನ್ನ ಮೈತುಂಬ ಬಾರದವುಗಳೇ. ಇಷ್ಟು ವರ್ಷ ಉತ್ತರಗಳನ್ನೇ ಹೊತ್ತಿದ್ದ ನನಗೆ ಅದೊಂಥರಾ ತುರಿಕೆ ಎದ್ದಂತಾಯಿತು.

ಅಂದಿನಿಂದ ಹೊಸ ರೂಢಿ. ಬೆಳಿಗ್ಗೆ ಪ್ರತಿ ಮಗುವೂ ಇವತ್ತು ತಾನು ಏನು ಕಲಿಯಬೇಕೆಂದು ನನ್ನ ಮೇಲೆ ಬರೆಯಬೇಕು. ಮೊದಲು ತಾನೇ ನೋಡಬೇಕು, ತಿಳಿಯದಿದ್ದರೆ ಬಲ್ಲ ಗೆಳೆಯರನ್ನು ಕೇಳಬೇಕು, ಆಗಲೂ ಆಗದಿದ್ದರೆ ಅಕ್ಕೋರ ಹತ್ತಿರ ಬರಬೇಕು. ಅಕ್ಕೋರು ಕಡ್ಡಿಯಲ್ಲೋ ಹುಣಸೆಬೀಜದಲ್ಲೋ ತೋರಿಸುತ್ತಿದ್ದರು. ಉತ್ತರ ಮಾತ್ರ ಹೇಳುತ್ತಿರಲಿಲ್ಲ. ಗದ್ದಲ ಕಡಿಮೆಯಾಗಲಿಲ್ಲ, ಅದರ ಬಗೆ ಬದಲಾಯಿತು.

ಒಗ್ಗದಿದ್ದವಳು ಕಸ್ತೂರಿ. ಅವಳು ಲೆಕ್ಕ ಮಾಡಿ ಓಡಿ ಬಂದರೆ ಅಕ್ಕೋರು ಕೆಂಪು ಪೆನ್ನು ಮುಟ್ಟದೆ, ಪುಸ್ತಕ ಅವಳ ಕೈಗೇ ಕೊಟ್ಟು, ನೀನೇ ನೋಡು ಎಂದು ಸನ್ನೆ ಮಾಡುವರು. ಅವಳು ಜಾಗಕ್ಕೆ ಹೋಗುವಳು, ಮತ್ತೆ ಬರುವಳು. ಒಂದೇ ಲೆಕ್ಕದಲ್ಲಿ ಇಡೀ ಬೆಳಗು ಕಳೆಯಿತು. ಹಿಂದೆ ಉಳಿದವರೆಲ್ಲ ಮುಂದೆ ಹೋದರು. ಮನೆಗೆ ಹೋಗಿ ಅಪ್ಪನ ಮುಂದೆ ಅತ್ತಳು.

ಮರುದಿನ ರಾಚಪ್ಪ ಬಂದ. ಕೂದಲಿಗೆಲ್ಲ ನೂಲಿನ ದೂಳು ಹತ್ತಿತ್ತು. ಕೆಟ್ಟ ಮನುಷ್ಯನಲ್ಲ, ಆದರೆ ಸಿಟ್ಟಿನಲ್ಲಿದ್ದ. ಹುಡುಗರೇ ಹುಡುಗರಿಗೆ ಕಲಿಸುವುದಾದರೆ ಶಾಲೆ ಯಾಕೆ ಬೇಕು, ನನ್ನ ಮಗಳನ್ನು ಪೇಟೆಯ ಇಂಗ್ಲಿಷ್ ಶಾಲೆಗೆ ಹಾಕುತ್ತೇನೆ, ಶಾಲೆ ಬಿಟ್ಟ ದಾಖಲೆ ಕೊಡಿ ಎಂದ. ಸ್ವಲ್ಪ ದಿನ ತಾಳಿರೆಂದು ಪರಸಪ್ಪ ಸರ್ ಹೇಳಿದರು. ಅಕ್ಕೋರಿಗೆ ಉತ್ತರ ಕೊಡುವ ಹಾಗಿಲ್ಲ. ನನ್ನ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದರು.

ಆಗ ಕಸ್ತೂರಿ ಪುಸ್ತಕ ಹಿಡಿದು ಎದುರಿಗೆ ಬಂದಳು. ತೊಂಬತ್ತಾರನ್ನು ಏಳರಿಂದ ಭಾಗಿಸಿದ್ದಳು. ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ಒಂದ ಸಲ ಹೇಳ್ರಿ ಅಕ್ಕೋರ. ಬರೋಬರಿ ಐತೋ ಇಲ್ಲೋ, ಅಷ್ಟ ಹೇಳ್ರಿ."

ಅಕ್ಕೋರು ರಾಚಪ್ಪನನ್ನು ನೋಡಿದರು, ಮಗುವನ್ನು ನೋಡಿದರು. ತಡೆದುಕೊಳ್ಳಲು ಆಗಲಿಲ್ಲ.

"ಬರೋಬರಿ ಐತವ್ವಾ," ಎಂದುಬಿಟ್ಟರು.

ಅದು ಅವರ ದನಿಯಾಗಿರಲಿಲ್ಲ. ಹಳೆಯ ಬಟ್ಟೆ ಪರ್ರೆಂದು ಹರಿದಂತಿತ್ತು. ಹಿಂದೆಯೇ ಕೆಮ್ಮು ಬಂತು. ಗಂಟಲು ಹಿಡಿದುಕೊಂಡು ನೆಲಕ್ಕೆ ಕುಸಿದು ಕುಳಿತರು. ರಾಚಪ್ಪನೇ ನೀರು ತರಲು ಓಡಿದ. ದಾಖಲೆಯ ಮಾತು ಅಂದಿಗೆ ಅಲ್ಲೇ ನಿಂತಿತು.

ಅಕ್ಕೋರು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಡಾಕ್ಟರು ಬೈದರಂತೆ, ಆಪರೇಷನ್ ಬೇಕಾಗಬಹುದು ಎಂದರಂತೆ. ಪರಸಪ್ಪ ಸರ್ ಅದನ್ನು ಹೇಳುವಾಗ ಯಾರ ಕಡೆಗೂ ನೋಡಲಿಲ್ಲ. ಮಕ್ಕಳು ಕಸ್ತೂರಿಯ ಕಡೆ ನೋಡಿದರು. ಅವಳು ಊಟದ ಹೊತ್ತಿಗೆ ತಟ್ಟೆ ಮುಟ್ಟಲಿಲ್ಲ. ಕೋಣೆಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ನಡೆದಾಡುತ್ತಿದ್ದಳು. ಕೊನೆಗೆ ನನ್ನ ಬಳಿ ಬಂದು ಚಾಕ್‌ಪೀಸ್ ತೆಗೆದುಕೊಂಡು ಅದೇ ಲೆಕ್ಕ ಬರೆದಳು. ಭಾಗಲಬ್ಧ ಹದಿಮೂರು, ಉಳಿದದ್ದು ಐದು. ಬರೆದು ನಿಂತೇ ಇದ್ದಳು.

ದಾವಲಸಾಬ ತಟ್ಟೆ ತೊಳೆದುಕೊಂಡು ಒಳಗೆ ಬಂದ. "ಏಳ ಮಂದಿಗೆ ಹದಿಮೂರು ಹದಿಮೂರು ಕಂಡಿಕಿ ಕೊಟ್ಟಿ, ಐದು ನಿನ್ ಹತ್ರ ಉಳದಾವು," ಎಂದ. "ಎಲ್ಲಾ ವಾಪಸ್ ಇಸ್ಕೊಂಡು ಎಣಸು. ತೊಂಬತ್ತಾರು ಬಂದ್ರ ಬರೋಬರಿ. ಇದನ್ನ ಅಕ್ಕೋರಿಗೆ ಯಾಕ ಕೇಳಬೇಕು?"

ಅಷ್ಟು ಹೇಳಿ ಅವನು ಆಡಲು ಓಡಿದ. ಕಸ್ತೂರಿ ಏಳನ್ನೂ ಹದಿಮೂರನ್ನೂ ಗುಣಿಸಿದಳು. ತೊಂಬತ್ತೊಂದು. ಐದು ಕೂಡಿಸಿದಳು. ಅಂಕಿಯನ್ನು ನೋಡುತ್ತ ಉಳಿದಳು. ನಂತರ ಇದಕ್ಕಿಂತ ದೊಡ್ಡ ಲೆಕ್ಕ ಹಾಕಿಕೊಂಡಳು. ಅದು ತಾಳೆಯಾಗಲಿಲ್ಲ. ಹಿಂದೆ ತಿರುಗಿದಳು, ಅಲ್ಲಿ ಯಾರೂ ಇರಲಿಲ್ಲ. ಜಡೆ ಕಚ್ಚಿದಳು. ಒಂದೊಂದೇ ಸಾಲಿನ ಮೇಲೆ ಬೆರಳು ಇಳಿಸುತ್ತ ಬಂದಳು. ಕಳೆಯುವಲ್ಲಿ ತಪ್ಪಿದ್ದಳು. ಅಂಗೈಯಿಂದ ಒರೆಸಿ ಮತ್ತೆ ಮಾಡಿದಳು. ಈ ಸಲ ಕೂಡಿ ಬಂತು. ಆಗ ಆ ಹುಡುಗಿ ನನ್ನ ಮೈಮೇಲೆ ಒಂದು ದೊಡ್ಡ ರೈಟ್ ಎಳೆದಳು. ಎಳೆದ ರಭಸಕ್ಕೆ ನಾನು ಹಿಂದಕ್ಕೆ ಸರಿದೆ, ಅವಳು ನಗುತ್ತ ನನ್ನನ್ನು ಹಿಡಿದುಕೊಂಡಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು.

ಅಕ್ಕೋರು ಕೊರಳಿಗೆ ಮಫ್ಲರ್ ಸುತ್ತಿಕೊಂಡು ಮರಳಿ ಬಂದರು. ಮೌನದ ತಿಂಗಳು ಮತ್ತೆ ಮೊದಲಿನಿಂದ ಶುರುವಾಗಿತ್ತು. ಈಗ ಅವರ ಬಾಯಿಯನ್ನು ಕಾಯುತ್ತಿದ್ದವರು ಮಕ್ಕಳೇ. ಯಾರಾದರೂ ಓಡಿ ಹೋಗಿ ಅವರನ್ನು ಕೇಳಲು ಹೊರಟರೆ ಕಸ್ತೂರಿ ಅಂಗಿ ಹಿಡಿದು ನಿಲ್ಲಿಸಿ, ಮೊದಲು ನೀನು ನೋಡಿದಿಯೇನು ಎಂದು ಕೇಳುತ್ತಿದ್ದಳು. ರಾಚಪ್ಪ ಮತ್ತೊಮ್ಮೆ ದಾಖಲೆಗೆಂದು ಬಂದ. ಕಿಟಕಿಯಲ್ಲಿ ನಿಂತು ಒಳಗೆ ನೋಡಿದ. ಮಗಳು ನನ್ನ ಮುಂದೆ ದಾವಲಸಾಬನ ಜೊತೆ ವಾದಿಸುತ್ತಿದ್ದಳು, ಅವನ ಕಾಗುಣಿತ ತಿದ್ದಿಸುತ್ತಿದ್ದಳು, ಅಪ್ಪ ಬಂದದ್ದು ಅವಳಿಗೆ ತಿಳಿಯಲೇ ಇಲ್ಲ. ಅವನು ಬಹಳ ಹೊತ್ತು ನಿಂತಿದ್ದು ಶೆಡ್ಡಿಗೆ ಹೊರಟುಹೋದ. ದಾಖಲೆ ಕೇಳಲಿಲ್ಲ.

ಎಲ್ಲ ಸುಸೂತ್ರವಾಯಿತೆಂದು ನಾನು ಹೇಳಲಾರೆ. ಸಾವಂತ್ರಿ ಎಂಬ ಮಗು ದಿನಾ ಬೆಳಿಗ್ಗೆ ನನ್ನ ಮೇಲೆ ಬೇರೆಯವರ ಸಾಲನ್ನೇ ನೋಡಿ ಬರೆದು, ಬೇರೆಯವರ ಬೆನ್ನಹಿಂದೆ ಅಡಗಿ ದಿನ ಕಳೆಯುತ್ತಿತ್ತು. ಗದ್ದಲದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ಅಕ್ಕೋರು ಅವಳ ಕೈಯಲ್ಲಿ ಪುಸ್ತಕ ತಲೆಕೆಳಗಾಗಿರುವುದನ್ನು ಕಂಡರು. ಅವಳಿಗೆ ಅಕ್ಷರವೇ ಬರುತ್ತಿರಲಿಲ್ಲ. ಅಂದಿನಿಂದ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅವಳ ಬೆರಳು ಹಿಡಿದು ಅಕ್ಷರದ ಮೇಲೆ ನಡೆಸಿದರು. ಮಕ್ಕಳ ಕೈಗೆ ಬಿಟ್ಟುಕೊಡುವುದೇ ಬೇರೆ, ಮಕ್ಕಳನ್ನು ಬಿಟ್ಟುಬಿಡುವುದೇ ಬೇರೆ ಎಂದು ಅವರಿಗೆ ಅಂದು ತಿಳಿಯಿತು. ನನಗೂ ತಿಳಿಯಿತು.

ಆಪರೇಷನ್ ಬೇಕಾಗಲಿಲ್ಲ. ಡಾಕ್ಟರು ಮಾತಾಡಬಹುದು ಎಂದ ದಿನ ಅಕ್ಕೋರು ಹೊಸ ಸೀರೆ ಉಟ್ಟು ಬಂದರು. ನನ್ನ ಪಕ್ಕ ನಿಂತು, ಮೆಲ್ಲಗೆ, ಮಕ್ಕಳೇ ಎಂದರು. ಯಾರೂ ತಲೆ ಎತ್ತಲಿಲ್ಲ. ಒಬ್ಬರು ಓದುತ್ತಿದ್ದರು, ಇಬ್ಬರು ಜಗಳವಾಡುತ್ತ ಲೆಕ್ಕ ಮಾಡುತ್ತಿದ್ದರು, ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಅಕ್ಕೋರು ಇನ್ನೊಮ್ಮೆ ಕರೆಯಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡರು. ಕೈ ಎಲ್ಲಿಡಬೇಕೆಂದು ತೋಚದವರಂತೆ ನನ್ನ ಅಂಚನ್ನು ಸವರುತ್ತಿದ್ದರು. ಅಷ್ಟರಲ್ಲಿ ಕಸ್ತೂರಿ ಓಡಿ ಬಂದಳು. ಅಕ್ಕೋರ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು. ಆದರೆ ಅವಳಿಗೆ ಬೇಕಾಗಿದ್ದದ್ದು ಚಾಕ್‌ಪೀಸ್. ತೆಗೆದುಕೊಂಡು ಹೊರಟವಳು ನಿಂತು, ನಿಮ್ಮ ದನಿ ಬಂತೇನ್ರಿ ಅಕ್ಕೋರ, ಎಂದು ಕೇಳಿದಳು.

"ಬಂತವ್ವಾ. ನೀ ನಡಿ, ನಿನ್ನ ಕೆಲಸ ನೋಡು."

ಅವರ ಕಣ್ಣು ತುಂಬಿತ್ತು. ಅದು ಸಂತೋಷವೋ, ಏನನ್ನೋ ಕಳೆದುಕೊಂಡ ಸಂಕಟವೋ, ಎರಡೂ ಇದ್ದವೋ, ನನಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ವರ್ಗವಾಗುವವರೆಗೂ ಅವರು ಆ ಕೋಣೆಯಲ್ಲಿ ಕೂಗಿ ಪಾಠ ಮಾಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಕಪ್ಪು ಮಾಸಿ ಬೂದುಬಣ್ಣವಾಗಿದೆ, ಪ್ಲೈವುಡ್ಡಿನ ಮೂಲೆಗಳು ಬಾಯಿ ಬಿಟ್ಟಿವೆ. ಕೋಣೆಗೆ ಹಸಿರು ಗಾಜಿನ ಹಲಗೆ ಬಂದ ಮೇಲೆ ನನ್ನನ್ನು ಶಾಲೆಯ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿದ್ದಾರೆ. ಇತ್ತೀಚೆಗೆ ಬಿಡುವಿನ ಹೊತ್ತಿನಲ್ಲಿ ಒಂದನೆಯ ತರಗತಿಯ ಪುಟ್ಟ ಹುಡುಗಿಯೊಬ್ಬಳು ಬರುತ್ತಾಳೆ. ನಿನ್ನೆ ತನ್ನ ಹೆಸರು ಬರೆದಳು. ಯಾರೂ ಬರೆಯೆಂದಿರಲಿಲ್ಲ. ಬರೆದು ಹಿಂದೆ ಸರಿದು ನೋಡಿದಳು. ಏನೋ ಸರಿಯಿಲ್ಲ ಎನಿಸಿತು, ಏನೆಂದು ಗೊತ್ತಾಗಲಿಲ್ಲ. ನೀರು ಕುಡಿಯಲು ಹೋದಳು, ಅರ್ಧ ದಾರಿಯಿಂದ ಮರಳಿ ಬಂದಳು. ಲಂಗದ ಅಂಚಿನಿಂದ ಒಂದು ಅಕ್ಷರ ಒರೆಸಿ ಬೇರೆ ಬರೆದಳು. ಅದೂ ಒಪ್ಪಿಗೆಯಾಗಲಿಲ್ಲ. ಗಂಟೆ ಹೊಡೆಯಿತು. ತಿರುಗಿ ತಿರುಗಿ ನೋಡುತ್ತ ಒಳಗೆ ಹೋದಳು.

ಅವಳ ಹೆಸರಿನಲ್ಲಿ ತಪ್ಪೆಲ್ಲಿದೆ ಎಂಬುದು ನನಗೆ ಗೊತ್ತು. ಹೇಳಲು ನನಗೆ ಬಾಯಿಲ್ಲ, ಇದ್ದರೂ ಹೇಳುತ್ತಿರಲಿಲ್ಲ. ರಾತ್ರಿಯೆಲ್ಲ ಆ ಅಕ್ಷರ ಅವಳನ್ನು ಕಾಡಿರಬೇಕು. ಇವತ್ತು ಶಾಲೆಯ ಬಾಗಿಲು ತೆರೆಯುವ ಮೊದಲೇ, ಚೀಲವನ್ನು ಬೆನ್ನಿಂದ ಇಳಿಸದೆ, ನನ್ನ ಕಡೆಗೆ ಓಡಿ ಬರುತ್ತಿದ್ದಾಳೆ.